ಬಾಸ್ಕೆಟ್‌ಬಾಲ್ ಆಟಗಾರನನ್ನು ತೂಗುವ ಬಗೆ: ಡೆನ್ವರ್ ತಂಡವನ್ನು ಎದುರಿಟ್ಟುಕೊಂಡು

ಶಿರಸಿಯ ಅಡಿಕೆ ವ್ಯಾಪಾರದಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೋಕ ಎಂದು ಬೇರೆ ಬೇರೆ ಗುಡ್ಡೆ ಮಾಡದೆ ಯಾರೂ ದರ ಹೇಳುವುದಿಲ್ಲ. ಎಲ್ಲವನ್ನೂ ಒಂದೇ ಗುಡ್ಡೆಗೆ ಸುರಿದರೆ ತೂಕ ಗೊತ್ತಾಗುತ್ತದೆ, ಬೆಲೆ ಗೊತ್ತಾಗುವುದಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರಲ್ಲಿ ಹೆಚ್ಚಿನವರು ಆಟಗಾರರನ್ನು ಅಳೆಯುವುದು ಹೀಗೇ, ಒಂದೇ ಗುಡ್ಡೆಯಲ್ಲಿ: ಯಾರು ಎಷ್ಟು ಪಾಯಿಂಟ್ ಹೊಡೆದರು? 12 ಪಾಯಿಂಟ್ ಹೊಡೆದವನು 24 ಹೊಡೆದವನ ಅರ್ಧ! ತಂಡ ಅವನಿಗೆ ಯಾವ ಕೆಲಸ ಕೊಟ್ಟಿತ್ತು, ಅದನ್ನು ಅವನು ಮಾಡಿದನೇ ಎಂಬ ಪ್ರಶ್ನೆಯೇ ಬರುವುದಿಲ್ಲ.

ಉದಾಹರಣೆಗೆ ಇಲ್ಲಿ ತೆಗೆದುಕೊಂಡಿರುವುದು 2022-23ರ ಡೆನ್ವರ್ ನಗೆಟ್ಸ್ ತಂಡ. ಆ ವರ್ಷ ಅದು ಫೈನಲ್ಸಿನಲ್ಲಿ ಮಯಾಮಿಯನ್ನು 4-1 ಪಂದ್ಯಗಳಿಂದ ಸೋಲಿಸಿ ಮೊದಲ ಬಾರಿಗೆ ಎನ್‌ಬಿಎ ಚಾಂಪಿಯನ್ ಆಯಿತು. ಯಾರ ಕೆಲಸ ಯಾವುದು ಎಂಬುದು ಅಷ್ಟು ಸ್ಪಷ್ಟವಾಗಿ ಕಾಣುವ ತಂಡ ಕಡಿಮೆ. ಕಲಿಯುವವರಿಗೆ ಅದೇ ಬೇಕಾದದ್ದು.

ಮೊದಲು ಸಮಯ, ನೋಟ್‌ಬುಕ್

ಡೆನ್ವರಿನಲ್ಲಿ ಸಂಜೆ 7ಕ್ಕೆ ಆರಂಭವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 7:30ಕ್ಕೆ. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಆಮೇಲೆ ನವೆಂಬರ್ ಮೊದಲ ಭಾನುವಾರದವರೆಗೆ ನಮಗೆ 6:30. ನ್ಯೂಯಾರ್ಕ್ ಕಡೆಯ ಸಂಜೆ 7:30ರ ಪಂದ್ಯವಾದರೆ ಚಳಿಗಾಲದಲ್ಲಿ ಬೆಳಿಗ್ಗೆ 6, ಆಮೇಲೆ 5. ಇದನ್ನು ಮರೆತು ಎರಡನೇ ಕ್ವಾರ್ಟರಿಗೆ ಎದ್ದು ಕೂತವರು ಪ್ರತಿ ಮಾರ್ಚಿನಲ್ಲೂ ಸಿಗುತ್ತಾರೆ. ಫೈನಲ್ಸ್ ಜೂನಿನಲ್ಲಿ, ಕಾರವಾರ-ಕುಮಟೆಯಲ್ಲಿ ಮಳೆ ಹಿಡಿಯುವ ಹೊತ್ತಿಗೆ. ಆಗ ಕರೆಂಟನ್ನೂ ನೆಟ್‌ವರ್ಕನ್ನೂ ನಂಬಿ ಕೂರುವಂತಿಲ್ಲ. ಒಬ್ಬ ಆಟಗಾರನ ಬಗ್ಗೆ ನಿಜವಾಗಿ ತಿಳಿಯಬೇಕಾದ್ದನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೇ ಬರೆದಿಟ್ಟುಕೊಳ್ಳಿ.

ಎನ್‌ಬಿಎಯಲ್ಲಿ ಒಂದು ತಂಡಕ್ಕೆ ಸೀಸನ್ನಿಗೆ 82 ಪಂದ್ಯ. ಅಷ್ಟೂ ನೋಡಬೇಕಾಗಿಲ್ಲ. ಹತ್ತು ಪಂದ್ಯ ಸಾಕು, ಆದರೆ ಐದು ಮನೆಯಂಗಳದ್ದು, ಐದು ಹೊರಗಿನದು ಇರಲಿ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ (ನಮ್ಮ ಶಿರಸಿ ಅದರ ಅರ್ಧವೂ ಇಲ್ಲ). ನಾಲ್ಕನೇ ಕ್ವಾರ್ಟರ್ ಬರುವಾಗ ಹೊರಗಿನಿಂದ ಬಂದ ತಂಡಕ್ಕೆ ಉಸಿರು ಕಟ್ಟುತ್ತದೆ, ಮನೆಯ ತಂಡದ ಸಾಧಾರಣ ಆಟಗಾರನೂ ಚುರುಕಾಗಿ ಕಾಣುತ್ತಾನೆ. ಮನೆಯಂಗಳದ ಪಂದ್ಯಗಳನ್ನೇ ನೋಡಿ ಬರೆದ ಅಂದಾಜು ಯಾವಾಗಲೂ ಸ್ವಲ್ಪ ಉಬ್ಬಿರುತ್ತದೆ.

ಆಟಗಾರನೊಬ್ಬನಿಗೆ ಒಂದು ಪುಟ, ಪುಟದಲ್ಲಿ ನಾಲ್ಕು ಕಾಲಂ: ಸ್ಕ್ರೀನ್ (ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು), ಕಾವಲಿಲ್ಲದೆ ಬಿಟ್ಟರೇ, ಮೊದಲ ತಪ್ಪು, ತಡವಾದ ನೆರವು. ಒಂದೊಂದರ ವಿವರ ಮುಂದೆ ಬರುತ್ತದೆ. ಪಂದ್ಯ ನಡೆಯುವಾಗ ಗೀಟು ಹಾಕಿದರೆ ಸಾಕು. ಒಂದು ಕ್ವಾರ್ಟರಿಗೆ ಒಬ್ಬನೇ. ಇಬ್ಬರನ್ನು ಒಟ್ಟಿಗೆ ನೋಡಲು ಹೋದರೆ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. 24 ಸೆಕೆಂಡಿನ ಒಂದು ಸರದಿಯಲ್ಲಿ ಒಬ್ಬನ ಕೈಯಲ್ಲಿ ಚೆಂಡು ಇರುವುದು ಕೆಲವೇ ಸೆಕೆಂಡು, ಉಳಿದ ಹೊತ್ತಿನಲ್ಲಿ ಅವನು ಏನು ಮಾಡಿದ ಎಂಬುದೇ ನಿಮ್ಮ ಪುಟ. ಅಂತರ 20 ದಾಟಿ ಕೊನೆಯ ಐದು ನಿಮಿಷ ಉಳಿದಿದ್ದರೆ ಪೆನ್ನು ಮುಚ್ಚಿ. ಆ ಹೊತ್ತಿನ ಪಾಯಿಂಟ್, ರೀಬೌಂಡ್ (ತಪ್ಪಿದ ಶಾಟಿನ ಚೆಂಡನ್ನು ಹಿಡಿಯುವುದು) ಯಾವುದೂ ಲೆಕ್ಕಕ್ಕಿಲ್ಲ.

ಪಾಯಿಂಟಿನ ಹಿಂದಿನ ಖರ್ಚು

ಎಷ್ಟು ಹೊಡೆದ ಎನ್ನುವುದರ ಜೊತೆಗೇ ಎಷ್ಟು ಸರದಿ ಖರ್ಚು ಮಾಡಿ ಹೊಡೆದ ಎಂದು ಕೇಳಬೇಕು. ಇದಕ್ಕೆ ಬಳಸುವುದು ಟ್ರೂ ಶೂಟಿಂಗ್. ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು: ಫ್ರೀ ಥ್ರೋ (ಫೌಲಿಗೆ ಸಿಗುವ, ಯಾರೂ ತಡೆಯದ ಒಂದು ಪಾಯಿಂಟಿನ ಶಾಟ್) ಯತ್ನಗಳನ್ನು 0.44ರಿಂದ ಗುಣಿಸಿ, ಅದಕ್ಕೆ ಶಾಟ್ ಯತ್ನಗಳನ್ನು ಕೂಡಿಸಿ, ಎರಡರಿಂದ ಗುಣಿಸಿ. ಬಂದ ಸಂಖ್ಯೆಯಿಂದ ಅವನ ಪಾಯಿಂಟನ್ನು ಭಾಗಿಸಿ. 0.44 ಯಾಕೆಂದರೆ, ಎರಡು ಫ್ರೀ ಥ್ರೋಗೆ ಒಂದು ಸರದಿ ಎಂದು ಅರ್ಧ ಹಿಡಿಯುವಂತಿಲ್ಲ. ಬುಟ್ಟಿಗೆ ಹಾಕಿದ ಮೇಲೆ ಸಿಗುವ ಹೆಚ್ಚುವರಿ ಒಂದು, ಟೆಕ್ನಿಕಲ್ ಫೌಲಿನದು, ಮೂರು ಪಾಯಿಂಟಿನ ಶಾಟಿನಲ್ಲಿ ಸಿಗುವ ಮೂರು, ಇವು ಆ ಲೆಕ್ಕಕ್ಕೆ ಹೊಂದುವುದಿಲ್ಲ.

ಒಬ್ಬ 22 ಶಾಟ್, 4 ಫ್ರೀ ಥ್ರೋದಿಂದ 24 ಪಾಯಿಂಟ್ ತಂದ ಎನ್ನೋಣ. 22ಕ್ಕೆ 1.76 ಕೂಡಿದರೆ 23.76, ಎರಡರಷ್ಟು 47.52. 24ನ್ನು ಅದರಿಂದ ಭಾಗಿಸಿದರೆ 50.5 ಶೇಕಡಾ. ಇನ್ನೊಬ್ಬ 11 ಶಾಟ್, 4 ಫ್ರೀ ಥ್ರೋದಿಂದ 18 ತಂದ. ಅವನದು 70.5. ಲೀಗಿನ ಸರಾಸರಿ ಇತ್ತೀಚಿನ ವರ್ಷಗಳಲ್ಲಿ 58ರ ಆಸುಪಾಸು. ಮರುದಿನ ಎಲ್ಲರ ಬಾಯಲ್ಲೂ 24 ಹೊಡೆದವನ ಹೆಸರೇ ಇರುತ್ತದೆ, ತಂಡವನ್ನು ಗೆಲ್ಲಿಸಿದವನು ಮಾತ್ರ ಎರಡನೆಯವನು.

ಆದರೆ ಇಲ್ಲೇ ಇನ್ನೊಂದು ಗುಂಡಿ ಇದೆ. ಎರಡನೆಯವನು ಬೇರೆಯವರು ತಯಾರು ಮಾಡಿಕೊಟ್ಟ ಸುಲಭದ ಶಾಟ್ ಮಾತ್ರ ಹೊಡೆಯುವವನಾಗಿದ್ದರೆ, ಅವನಿಗೆ 22 ಶಾಟ್ ಕೊಟ್ಟ ಕೂಡಲೇ ಶೇಕಡಾವಾರು ಕುಸಿಯುತ್ತದೆ. ಶಾಟ್ ಕ್ಲಾಕಿನಲ್ಲಿ, ಅಂದರೆ ಸರದಿಯ 24 ಸೆಕೆಂಡಿನ ಗಡಿಯಾರದಲ್ಲಿ, ನಾಲ್ಕು ಸೆಕೆಂಡು ಉಳಿದಾಗ ಚೆಂಡನ್ನು ಯಾರ ಕೈಗೆ ಕೊಡುತ್ತಾರೆ ನೋಡಿ. ಆ ಕೆಟ್ಟ ಶಾಟುಗಳ ಹೊರೆ ಹೊರುವವನಿಗೆ ಎರಡು-ಮೂರು ಶೇಕಡಾ ಕಡಿಮೆ ಇದ್ದರೂ ಮಾಫಿ.

ಮೂರು ಪಾಯಿಂಟಿನ ಶೇಕಡಾವಾರನ್ನು ಹತ್ತು ಪಂದ್ಯದಲ್ಲಿ ಹೇಳಲು ಹೋಗಲೇಬೇಡಿ. ಪಂದ್ಯಕ್ಕೆ ಐದರಂತೆ 50 ಯತ್ನ, 18 ಒಳಗೆ ಬಿದ್ದರೆ 36 ಶೇಕಡಾ. ಮೂರು ಚೆಂಡು ರಿಮ್ಮಿಗೆ ತಾಗಿ ಒಳಗೆ ಉರುಳಿದರೆ 42, ಹೊರಗೆ ಉರುಳಿದರೆ 30. ಅದೇ ಕೈ, ಅದೇ ಶಾಟ್. ಒಂದು ತಿಂಗಳು ಅವನು ದೇವರು, ಮುಂದಿನ ತಿಂಗಳು ದಂಡಪಿಂಡ.

ಅದಕ್ಕೆ ಬದಲಾಗಿ ಎರಡನೇ ಕಾಲಂ ತುಂಬಿಸಿ. ಮೂಲೆಯಲ್ಲಿ ನಿಂತ ಶೂಟರನ್ನು ಕಾಯುವ ಎದುರಾಳಿಯ ಪಾದ ಎಲ್ಲಿದೆ ನೋಡಿ. ಒಂದು ಪಾದ ಬುಟ್ಟಿಯ ಕೆಳಗಿನ ಬಣ್ಣದ ಚೌಕದಲ್ಲಿದ್ದರೆ ಅವನಿಗೆ ಈ ಶೂಟರಿನ ಭಯವಿಲ್ಲ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಅಂಟಿಕೊಂಡಿದ್ದರೆ ಭಯವಿದೆ, ಅಂದರೆ ಈ ಶೂಟರ್ ಒಂದೂ ಶಾಟ್ ಹೊಡೆಯದೆ ಒಳಗಿನ ಜಾಗ ಖಾಲಿ ಮಾಡಿಕೊಟ್ಟಿದ್ದಾನೆ. ಎನ್‌ಬಿಎಯಲ್ಲಿ ಮೂಲೆಯಲ್ಲಿ ಮೂರು ಪಾಯಿಂಟಿನ ಗೆರೆ ಬುಟ್ಟಿಯಿಂದ 6.71 ಮೀಟರ್, ಎದುರಿನ ಗೆರೆ 7.24. ಅರ್ಧ ಮೀಟರಿನ ಈ ವ್ಯತ್ಯಾಸದಿಂದಾಗಿಯೇ ಮೂಲೆಯ ಶಾಟಿಗೆ ಅಷ್ಟು ಬೇಡಿಕೆ. ಎದುರಾಳಿ ಕೋಚ್‌ಗಳು ನೂರಾರು ಪಂದ್ಯ ನೋಡಿ ಯಾರನ್ನು ಬಿಡಬಹುದು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸಿರುತ್ತಾರೆ. ಅವರ ತೀರ್ಪು ಅಂಗಳದಲ್ಲೇ ಕಾಣುವಾಗ ನಾವು ಬೇರೆ ತಲೆ ಕೆಡಿಸಿಕೊಳ್ಳುವುದು ಯಾಕೆ?

ಲಿಫ್ಟರನ್ನು ಮರೆಯಬೇಡಿ

ನಮ್ಮ ಕರಾವಳಿಯ ವಾಲಿಬಾಲ್ ಟೂರ್ನಮೆಂಟ್ ನೋಡಿದವರಿಗೆ ಸ್ಕ್ರೀನ್ ಎಂದರೇನು ಎಂದು ಬೇಗ ಅರ್ಥವಾಗುತ್ತದೆ. ಸ್ಮ್ಯಾಶ್ ಹೊಡೆದವನಿಗೆ ಚಪ್ಪಾಳೆ, ಲಿಫ್ಟ್ ಮಾಡಿದವನ ಹೆಸರು ಯಾರಿಗೂ ನೆನಪಿಲ್ಲ. ಬಾಸ್ಕೆಟ್‌ಬಾಲಿನಲ್ಲಿ ಕೊನೆಯ ಪಾಸಿಗೆ ಅಸಿಸ್ಟ್ ಎಂಬ ಲೆಕ್ಕವಾದರೂ ಇದೆ. ಎದುರಾಳಿಯ ದಾರಿಗೆ ಅಡ್ಡ ನಿಂತು, ಎದೆಗೆ ಪೆಟ್ಟು ತಿಂದು ಜೊತೆಗಾರನಿಗೆ ಒಂದು ಹೆಜ್ಜೆ ಜಾಗ ಮಾಡಿಕೊಟ್ಟವನಿಗೆ ಸಾಮಾನ್ಯ ಸ್ಕೋರ್ ಪಟ್ಟಿಯಲ್ಲಿ ಏನೂ ಇಲ್ಲ. ಒಳ್ಳೆಯ ಸ್ಕ್ರೀನಿನ ಗುರುತು ಎರಡು: ನಿಂತವನ ಪಾದ ಅಲುಗಾಡಿರಬಾರದು, ಎದುರಾಳಿ ಅವನನ್ನು ಸುತ್ತಿ ಬರಬೇಕಾಗಿರಬೇಕು. ಪಾದ ಅಲುಗಿದರೆ ಫೌಲ್. ಎದುರಾಳಿ ನೇರ ನುಸುಳಿ ಬಂದರೆ ಅದು ನಾಟಕದ ಸ್ಕ್ರೀನ್, ಗೀಟು ಹಾಕಬೇಡಿ.

ರೀಬೌಂಡಿನದೂ ಅದೇ ಕಥೆ. ಎದುರಾಳಿಯ ದೊಡ್ಡ ಆಟಗಾರನನ್ನು ಬೆನ್ನಿನಿಂದ ಒತ್ತಿ ಹಿಡಿದವನು ಒಬ್ಬ, ಖಾಲಿ ಜಾಗದಲ್ಲಿ ಬಿದ್ದ ಚೆಂಡನ್ನು ಎತ್ತಿಕೊಂಡು ಲೆಕ್ಕ ಬರೆಸಿಕೊಂಡವನು ಇನ್ನೊಬ್ಬ.

ರಕ್ಷಣೆ: ಮೊದಲ ತಪ್ಪು ಯಾರದು

ಇಲ್ಲಿ ಹೊಸಬರು ಮಾತ್ರವಲ್ಲ, ವರ್ಷಗಟ್ಟಲೆ ನೋಡಿದವರೂ ಮೋಸ ಹೋಗುತ್ತಾರೆ. ಚೆಂಡು ಬುಟ್ಟಿಗೆ ಬಿದ್ದಾಗ ಹತ್ತಿರ ಯಾರು ನಿಂತಿದ್ದರೋ ಅವರಿಗೆ ಬೈಗುಳ. ನಿಜವಾಗಿ ನಡೆದಿರುವುದು ಹೀಗೆ: ಮೇಲಿನ ಕಾವಲುಗಾರನನ್ನು ಎದುರಾಳಿ ದಾಟಿ ಒಳಗೆ ನುಗ್ಗಿದ. ಬುಟ್ಟಿಯ ಬಳಿ ಕಾಯುವ ಎತ್ತರದ ಆಟಗಾರ, ಅಂದರೆ ಸೆಂಟರ್, ತನ್ನವನನ್ನು ಬಿಟ್ಟು ಅಡ್ಡ ಬಂದ. ಸೆಂಟರ್ ಬಿಟ್ಟವನನ್ನು ಮೂಲೆಯಿಂದ ಬಂದು ಹಿಡಿಯಬೇಕಾದವನು ಬರಲಿಲ್ಲ. ಪಾಸ್ ಹೋಯಿತು, ಡಂಕ್ ಆಯಿತು. ಬೈಗುಳ ತಿಂದ ಸೆಂಟರ್ ತನ್ನ ಕೆಲಸ ಸರಿಯಾಗೇ ಮಾಡಿದ್ದ. ಮೊದಲ ತಪ್ಪಿನ ಗೀಟು ಮೇಲಿನವನಿಗೆ, ತಡವಾದ ನೆರವಿನ ಗೀಟು ಮೂಲೆಯವನಿಗೆ. ರೀಪ್ಲೇ ತೋರಿಸುವಾಗ ಚೆಂಡು ಬಿದ್ದ ಕ್ಷಣದಿಂದ ಐದಾರು ಸೆಕೆಂಡು ಹಿಂದಕ್ಕೆ ಯೋಚಿಸುತ್ತ ಹೋಗಿ, ಸರಪಳಿ ಸಿಗುತ್ತದೆ.

ಸ್ಟೀಲ್ (ಚೆಂಡು ಕಸಿಯುವುದು), ಬ್ಲಾಕ್ (ಶಾಟನ್ನು ಗಾಳಿಯಲ್ಲೇ ತಡೆಯುವುದು) ಸಂಖ್ಯೆಗಳನ್ನು ಅನುಮಾನದಿಂದಲೇ ನೋಡಿ. ಪಂದ್ಯಕ್ಕೆ ಎರಡು ಸ್ಟೀಲ್ ಮಾಡುವವನು ಐದು ಸಲ ಚೆಂಡಿಗೆ ಕೈ ಹಾಕಿ ತಪ್ಪಿಸಿಕೊಂಡು, ಹಿಂದೆ ನಾಲ್ವರು ಐವರನ್ನು ಕಾಯುವ ಸ್ಥಿತಿ ತಂದಿಟ್ಟಿರಬಹುದು. ಒಳ್ಳೆಯ ರಕ್ಷಕ ಹೆಚ್ಚಾಗಿ ಏನನ್ನೂ ಮಾಡಿದಂತೆ ಕಾಣುವುದಿಲ್ಲ, ಅವನ ಎದುರಾಳಿ ಚೆಂಡನ್ನು ಸುಮ್ಮನೆ ಬೇರೆಯವರಿಗೆ ಕೊಟ್ಟುಬಿಡುತ್ತಾನೆ, ಅಷ್ಟೆ.

ಪ್ಲಸ್-ಮೈನಸ್ (ಒಬ್ಬ ಅಂಗಳದಲ್ಲಿದ್ದಾಗ ಎರಡು ತಂಡಗಳ ಪಾಯಿಂಟಿನ ವ್ಯತ್ಯಾಸ) ಬಗ್ಗೆ ಒಂದೇ ಮಾತು: ಒಂದು ಪಂದ್ಯದ ಸಂಖ್ಯೆಯನ್ನು ನೋಡಲೇಬೇಡಿ. ಇಡೀ ಸೀಸನ್ನಿನದನ್ನು ನೋಡುವಾಗಲೂ ಅವನು ಯಾರ ಜೊತೆ ಆಡಿದ ಎಂದು ಮೊದಲು ಕೇಳಿ.

ಈಗ ಡೆನ್ವರ್

ನಿಕೋಲಾ ಯೋಕಿಚ್ 2014ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) 41ನೇಯವನಾಗಿ ಆಯ್ಕೆಯಾದ ಸರ್ಬಿಯಾದ ಸೆಂಟರ್. 2022-23ರಲ್ಲಿ ಪಂದ್ಯಕ್ಕೆ 24.5 ಪಾಯಿಂಟ್, 11.8 ರೀಬೌಂಡ್, 9.8 ಅಸಿಸ್ಟ್, ಟ್ರೂ ಶೂಟಿಂಗ್ 70.1. ಮೇಲೆ ಹೇಳಿದ ಎರಡನೆಯವನ ದಕ್ಷತೆ, ಮೊದಲನೆಯವನ ಹೊರೆ, ಎರಡೂ ಒಬ್ಬನಲ್ಲೇ. ಆ ವರ್ಷ ಸೀಸನ್ ಮುಗಿದ ಮೇಲಿನ ನಾಕೌಟ್ ಸುತ್ತುಗಳಲ್ಲಿ, ಅಂದರೆ ಪ್ಲೇಆಫ್‌ನಲ್ಲಿ ಒಟ್ಟು ಪಾಯಿಂಟ್, ಒಟ್ಟು ರೀಬೌಂಡ್, ಒಟ್ಟು ಅಸಿಸ್ಟ್ ಮೂರರಲ್ಲೂ ಎಲ್ಲರಿಗಿಂತ ಮುಂದಿದ್ದ, ಎನ್‌ಬಿಎ ಇತಿಹಾಸದಲ್ಲೇ ಮೊದಲು. ಜಿಗಿಯುವುದಿಲ್ಲ, ನಿಧಾನ, ಸೋಮಾರಿ ಎಂದು ಬೈಯುವವರು ಅವನ ಕಾಲು ನೋಡುತ್ತಾರೆ, ಕಣ್ಣು ನೋಡುವುದಿಲ್ಲ. ಯಕ್ಷಗಾನದ ಭಾಷೆಯಲ್ಲಿ ಹೇಳುವುದಾದರೆ ವೇಷವೂ ಅವನದೇ, ಭಾಗವತಿಕೆಯೂ ಅವನದೇ. ಯಾರು ಯಾವಾಗ ರಂಗಕ್ಕೆ ಬರಬೇಕು ಎಂದು ತಾಳ ಹಾಕುತ್ತ ತಾನೂ ಕುಣಿಯುತ್ತಾನೆ. ದೌರ್ಬಲ್ಯ ರಕ್ಷಣೆಯಲ್ಲಿ: ಚೆಂಡು ಹಿಡಿದು ನುಗ್ಗುವ ಚುರುಕಾದ ಗಾರ್ಡ್ ಎದುರಿಗೆ ಬಯಲಲ್ಲಿ ಒಬ್ಬನೇ ಸಿಕ್ಕಿಬಿದ್ದರೆ ಕಷ್ಟ. ಉಳಿದ ನಾಲ್ವರನ್ನು ತೂಗುವಾಗ ಈ ಬಿರುಕನ್ನು ಮುಚ್ಚುವುದು ಅವರ ಕೆಲಸದ ಭಾಗ ಎಂದು ನೆನಪಿಡಿ.

ಜಮಾಲ್ ಮರ್ರಿಗೆ 2021ರ ಏಪ್ರಿಲಿನಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು, 2021-22 ಇಡೀ ಸೀಸನ್ ಆಡಲಿಲ್ಲ. ಇಂಥ ಗಾಯದಿಂದ ಬಂದವನ ಮೊದಲ ಎರಡು-ಮೂರು ತಿಂಗಳನ್ನು ಪ್ರತ್ಯೇಕ ಪುಟದಲ್ಲಿ ಬರೆಯಬೇಕು, ಸರಾಸರಿಗೆ ಸೇರಿಸಬಾರದು. ಕಾಲಿನ ಬಲ ಬಂದರೂ ನಂಬಿಕೆ ಬರಲು ಹೊತ್ತು ಬೇಕು. ಫೈನಲ್ಸಿನ ಮೂರನೇ ಪಂದ್ಯದಲ್ಲಿ ಅವನು 34 ಪಾಯಿಂಟ್, 10 ರೀಬೌಂಡ್, 10 ಅಸಿಸ್ಟ್; ಯೋಕಿಚ್ 32, 21, 10. ಒಂದೇ ತಂಡದ ಇಬ್ಬರು ಒಂದೇ ಪಂದ್ಯದಲ್ಲಿ 30 ಪಾಯಿಂಟಿನ ಟ್ರಿಪಲ್ ಡಬಲ್ (ಮೂರು ಲೆಕ್ಕಗಳಲ್ಲಿ ತಲಾ ಹತ್ತು ಅಥವಾ ಹೆಚ್ಚು) ಮಾಡಿದ್ದು ಅದೇ ಮೊದಲು.

ಹೊಸ ನೋಡುಗರಿಗೆ ಒಳ್ಳೆಯ ಪರೀಕ್ಷೆ ಆರನ್ ಗಾರ್ಡನ್. ಒರ್ಲಾಂಡೊದಲ್ಲಿದ್ದಾಗ ತಾನೇ ಚೆಂಡು ಹಿಡಿದು ದಾರಿ ಮಾಡಿಕೊಳ್ಳಬೇಕಿತ್ತು, ಅದು ಅವನಿಗೆ ಒಗ್ಗಲಿಲ್ಲ. 2021ರ ಮಾರ್ಚಿನಲ್ಲಿ ಡೆನ್ವರಿಗೆ ಬಂದ ಮೇಲೆ ಕೆಲಸ ಬದಲಾಯಿತು: ಬುಟ್ಟಿಯ ಬಳಿ ಸುಳಿದಾಡು, ಯೋಕಿಚ್ ಪಾಸ್ ಹಾಕಿದರೆ ಡಂಕ್ ಮಾಡು, ಎದುರಾಳಿಯ ಅತಿ ದೊಡ್ಡ ಹೆಸರನ್ನು ಕಾಯಿ. 2023ರ ಪ್ಲೇಆಫ್‌ನಲ್ಲಿ ಸುತ್ತು ಸುತ್ತಿಗೂ ಅವನ ಪಾಲಿಗೆ ಬಂದವರು ಟೌನ್ಸ್, ಡ್ಯುರಾಂಟ್, ಲೆಬ್ರಾನ್, ಬಟ್ಲರ್. ಆಟಗಾರ ಅದೇ, ಕೆಲಸ ಬದಲಾದ ಕೂಡಲೇ ಬೆಲೆ ಬದಲಾಯಿತು. ಅವನ ಪುಟದಲ್ಲಿ ಪಾಯಿಂಟಿನ ಸಾಲು ಖಾಲಿ ಬಿಟ್ಟರೂ ನಡೆಯುತ್ತದೆ.

ಕಾಲ್ಡ್‌ವೆಲ್-ಪೋಪ್ 2022ರ ಬೇಸಿಗೆಯಲ್ಲಿ ವಾಷಿಂಗ್ಟನ್ನಿನಿಂದ ಬಂದವನು, ಅದಕ್ಕೂ ಮೊದಲು 2020ರಲ್ಲಿ ಲೇಕರ್ಸ್ ಜೊತೆ ಚಾಂಪಿಯನ್. ಮೊದಲ ತಪ್ಪಿನ ಕಾಲಂ ಬಹುತೇಕ ಖಾಲಿ, ಮೂರು ಪಾಯಿಂಟ್ 42 ಶೇಕಡಾ. ಮೈಕಲ್ ಪೋರ್ಟರ್ ಜೂನಿಯರ್ ಎತ್ತರದ ಶೂಟರ್, ಬೆನ್ನಿನ ಶಸ್ತ್ರಚಿಕಿತ್ಸೆಗಳನ್ನು ದಾಟಿ ಬಂದವನು. ಶಾಟ್ ಬೀಳದ ದಿನ ಅವನು ರೀಬೌಂಡಿಗೆ ಹೋಗುತ್ತಾನೋ ಇಲ್ಲವೋ ನೋಡಿ, ಅಂದಾಜು ಅಲ್ಲೇ ಸಿಗುತ್ತದೆ. ಬೆಂಚಿನಿಂದ ಬರುತ್ತಿದ್ದ ಬ್ರೂಸ್ ಬ್ರೌನ್ ಫೈನಲ್ಸಿನ ನಾಲ್ಕನೇ ಪಂದ್ಯದಲ್ಲಿ 21 ಹೊಡೆದ, ಆ ಬೇಸಿಗೆಯಲ್ಲೇ ಇಂಡಿಯಾನಾಗೆ ಹೋದ. ಮುಂದಿನ ಸೀಸನ್ನಿನಲ್ಲಿ ಯೋಕಿಚ್ ಬೆಂಚಿನಲ್ಲಿ ಕೂತ ನಿಮಿಷಗಳನ್ನು ಹುಡುಕಿ ನೋಡಿದರೆ ಬ್ರೌನ್‌ನ ಬೆಲೆ ಎಷ್ಟಿತ್ತು ಎಂದು ತಿಳಿಯುತ್ತದೆ.

ಹತ್ತಕ್ಕೆ ಇಷ್ಟು ಅಂಕ ಎಂದು ಕೊಡುವ ಅಭ್ಯಾಸ ಬಿಡಿ. 7 ಮತ್ತು 7.5ರ ನಡುವಿನ ಜಗಳಕ್ಕೆ ಕೊನೆಯಿಲ್ಲ. ಪುಟದ ಕೆಳಗೆ ಒಂದೇ ವಾಕ್ಯ ಬರೆಯಿರಿ: ಇವನು ನಾಳೆ ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ, ಅದನ್ನು ಬೆಂಚಿನಲ್ಲಿ ಯಾರು ಮಾಡುತ್ತಾರೆ?

ಇದೇ ನೋಟ್‌ಬುಕ್ ಹಿಡಿದು ಊರಿನ ಕಾಲೇಜು ಪಂದ್ಯಕ್ಕೆ ಹೋಗುವುದಾದರೆ ಅಳತೆ ಬದಲಿಸಿಕೊಳ್ಳಿ. ಅಲ್ಲಿ ನಡೆಯುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮ: ಕ್ವಾರ್ಟರ್ 12 ನಿಮಿಷದ್ದಲ್ಲ, 10ರದ್ದು, ಆರನೆಯದಕ್ಕಲ್ಲ, ಐದನೇ ಫೌಲಿಗೇ ಹೊರಗೆ, ಮೂರು ಪಾಯಿಂಟಿನ ಗೆರೆ 6.75 ಮೀಟರ್, ಮೂಲೆಯಲ್ಲಿ 6.60. ಮೂಲೆಗೂ ಎದುರಿಗೂ ಹೆಚ್ಚು ವ್ಯತ್ಯಾಸವಿಲ್ಲದ ಕಾರಣ ಅಲ್ಲಿ ಮೂಲೆಯ ಶೂಟರಿಗೆ ಅಷ್ಟೇನೂ ರಿಯಾಯಿತಿ ಸಿಗುವುದಿಲ್ಲ. ಎರಡನೇ ಕಾಲಂ ತುಂಬುವಾಗ ಎದುರಾಳಿಯ ಪಾದವನ್ನು ಅಂಗಳದ ಎಲ್ಲ ಕಡೆಯೂ ಒಂದೇ ಕಣ್ಣಿನಿಂದ ನೋಡಿ.