ಅಡ್ವಾನ್ಸ್ ಕೇಳೋದು ಬಿಟ್ಟು ಲೆಕ್ಕ ಕೇಳಿದೆ

ಕತ್ರಿಗುಪ್ಪೆಯ ಮನೆ ಖಾಲಿ ಮಾಡಿದ್ದು 2023ರ ಮೇ ಕೊನೆಗೆ. ಅಡ್ವಾನ್ಸ್ ಒಂದೂವರೆ ಲಕ್ಷ. ಕೀ ಕೊಟ್ಟ ದಿನ ಓನರ್ 40 ಸಾವಿರ ಕೈಗಿಟ್ಟರು. "ಉಳಿದಿದ್ದು ಎಲ್ಲಿಗೆ ಹೋಗುತ್ತೆ? ಹೊಸಬರು ಅಡ್ವಾನ್ಸ್ ಕೊಟ್ಟ ತಕ್ಷಣ ನಿಮ್ಮ ಅಕೌಂಟಿಗೇ ಹಾಕ್ತೀನಿ" ಅಂದರು. ಐದು ವರ್ಷ ಇದ್ದ ಮನೆ. ಯುಗಾದಿಗೆ ಒಬ್ಬಟ್ಟು ಕೊಟ್ಟು ತಗೊಂಡವರು. ನಂಬಿದೆ.

ಬಾಕಿ 1,10,000. ಅದರಲ್ಲಿ ಡಿಸೆಂಬರ್ ಹೊತ್ತಿಗೆ 1,01,000 ವಾಪಸ್ ಬಂತು. ನಮ್ಮ ಆಫೀಸಿನವರು ಇದನ್ನು ಇವತ್ತಿಗೂ ನಂಬಲ್ಲ. "ಬಿಟ್ಟಾಕಿ ಸಾರ್, ಬೆಂಗಳೂರಲ್ಲಿ ಅಡ್ವಾನ್ಸ್ ನೆಟ್ಟಗೆ ಯಾರಿಗೆ ಬಂದಿದೆ?" ಅಂದವರೇ ಎಲ್ಲ.

ಮೊದಲು ಸೋತ ಕಥೆ. ಜೂನ್‌ನಲ್ಲಿ ಫೋನ್ ಮಾಡಿದರೆ, "ಆಷಾಢ ಅಲ್ವಾ, ಯಾರು ಮನೆ ನೋಡೋಕೆ ಬರ್ತಾರೆ?" ಅಂದರು. ಸರಿ, ಶ್ರಾವಣ ಬರಲಿ ಅಂತ ಕಾದೆ. ಆ ವರ್ಷ ಶ್ರಾವಣವೇ ಅಧಿಕ ಮಾಸವಾಗಿ ಬಂದಿತ್ತು. ಇನ್ನೊಂದು ತಿಂಗಳು ಹೋಯಿತು. ಪಂಚಾಂಗವೂ ಓನರ್ ಕಡೆಗೇ ಇತ್ತು.

ಒಂದು ಭಾನುವಾರ ಹೆಂಡತಿ, ಮಗಳ ಜೊತೆ ಅವರ ಮನೆಗೇ ಹೋದೆ. ಎಲ್ಲರೂ ಇದ್ದರೆ ಮುಲಾಜಿಗೆ ಬೀಳುತ್ತಾರೆ ಅಂದುಕೊಂಡಿದ್ದೆ. ಒಳ್ಳೆ ಫಿಲ್ಟರ್ ಕಾಫಿ ಕೊಟ್ಟರು. ಕುಡಿದು ಬಂದೆವು. ಪೊಲೀಸ್ ಸ್ಟೇಷನ್‌ಗೂ ಹೋದೆ. "ಇದು ಸಿವಿಲ್ ಮ್ಯಾಟರು, ನಾವು ಕೈ ಹಾಕೋಕೆ ಆಗಲ್ಲ" ಅಂದರು. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ ಅಂತ ಓದಿ, ಅದನ್ನು ಓನರ್‌ಗೆ ಕಳಿಸಿದೆ. ಅದು ರಾಜ್ಯ ಒಪ್ಪಿಕೊಂಡರೆ ಮಾತ್ರ ನಡೆಯುವ ಕಾಯ್ದೆ. ನನಗಿಂತ ಮೊದಲೇ ಅವರಿಗೆ ಅದು ಗೊತ್ತಿತ್ತು!

ಆಗಸ್ಟ್ ಕೊನೆಗೆ ಮನೆಗೆ ಹೊಸಬರು ಬಂದರು. ನಮ್ಮ ದುಡ್ಡು ಬರಲಿಲ್ಲ. ಆಗ ದಾರಿ ಬದಲಿಸಿದೆ. "ದುಡ್ಡು ಯಾವಾಗ ಕೊಡ್ತೀರ?" ಅನ್ನುವುದನ್ನು ಪೂರ್ತಿ ನಿಲ್ಲಿಸಿ, "ಯಾವುದಕ್ಕೆ ಎಷ್ಟು ಹಿಡಿದಿದ್ದೀರ, ಬರೆದು ಕಳಿಸಿ ಅಂಕಲ್" ಅಂತ ಶುರು ಮಾಡಿದೆ. ಅವರು ಬರೆಯುವವರಲ್ಲ, ಬರೀ ಫೋನ್ ಮಾಡುವವರು. ಅದಕ್ಕೆ ಪ್ರತಿ ಫೋನ್ ಆದ ಐದು ನಿಮಿಷದಲ್ಲಿ ನಾನೇ ವಾಟ್ಸಾಪ್ ಹಾಕುತ್ತಿದ್ದೆ: "ಈಗ ನೀವು ಹೇಳಿದ ಹಾಗೆ 1,10,000 ಬಾಕಿ ಇದೆ, ಪೇಂಟಿಂಗ್ ಖರ್ಚು ಕಳೆದು ಕೊಡುತ್ತೀರಿ." ನಾಲ್ಕನೇ ಸಲಕ್ಕೆ "ಓಕೆ" ಅಂತ ಬಂತು, ಜೊತೆಗೆ ಕೈಮುಗಿದ ಚಿತ್ರ. ಆ ಓಕೆಗೆ ಎಷ್ಟು ಬೆಲೆ ಅಂತ ಆಮೇಲೆ ವಕೀಲರು ಹೇಳಿದರು: ಬಾಕಿ ಇದೆ ಅಂತ ಅವರೇ ಬರಹದಲ್ಲಿ ಒಪ್ಪಿಕೊಂಡ ಹಾಗೆ. ಇಂಥ ಬಾಕಿಗೆ ಕೋರ್ಟಿಗೆ ಹೋಗಲು ಮೂರು ವರ್ಷದ ಗಡುವು. ನಮ್ಮ ಆಫೀಸಿನವರೊಬ್ಬರು ಬರೀ ಫೋನಿನಲ್ಲೇ ಕೇಳುತ್ತಾ ಆ ಗಡುವು ಕಳೆದುಕೊಂಡರು.

ಅಕ್ಟೋಬರ್‌ನಲ್ಲಿ ಲೆಕ್ಕ ಬಂತು. ಪೇಂಟಿಂಗ್ 46 ಸಾವಿರ, ಪ್ಲಂಬಿಂಗ್ 12 ಸಾವಿರ, ವಾರ್ಡ್‌ರೋಬ್ ಪಾಲಿಶ್ 9 ಸಾವಿರ. ಜೊತೆಗೆ ಪೇಂಟ್ ಅಂಗಡಿ ಬಿಲ್ಲಿನ ಫೋಟೋ. ಇನ್ನೊಬ್ಬರಾದರೆ ಇಲ್ಲಿಗೆ ಚೌಕಾಸಿಗೆ ಇಳಿಯುತ್ತಿದ್ದರು. ನನಗೆ ಮಾತ್ರ ಖುಷಿಯಾಯಿತು. ಅಗ್ರಿಮೆಂಟ್‌ನಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಇರಲಿಲ್ಲ, "ಆದ ಪೇಂಟಿಂಗ್ ಖರ್ಚು" ಅಂತ ಇತ್ತು. ಪೇಂಟಿಂಗೇ ಆಗದಿದ್ದರೆ?

ಬಿಲ್ಲಿನ ಜಿಎಸ್‌ಟಿ ನಂಬರ್ ಎಣಿಸಿದೆ. 29ರಿಂದ ಶುರುವಾಗಿತ್ತು, ಕರ್ನಾಟಕದ್ದು, ಸರಿ. ಆದರೆ 15 ಅಕ್ಷರ ಇರಬೇಕಾದ ಕಡೆ 14 ಇತ್ತು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನಂಬರ್ ಹಾಕಿ ನೋಡಬಹುದು. ಆ ವಾರ ಇದೇ ಹುಚ್ಚು ಹಿಡಿದು ಮನೆಯಲ್ಲಿದ್ದ ಬಿಲ್ಲನ್ನೆಲ್ಲ ಹಾಕಿ ನೋಡಿದೆ. ನಾವು ಬನ್ ತರುವ ಬೇಕರಿಯ ನೋಂದಣಿ ರದ್ದಾಗಿ ಎಷ್ಟೋ ದಿನವಾಗಿತ್ತು. ಬನ್ ಮಾತ್ರ ಈಗಲೂ ಅಲ್ಲೇ ತರುತ್ತೇವೆ. ಖಾಲಿ ಮಾಡುವ ದಿನ ತೆಗೆದಿದ್ದ ವಿಡಿಯೋವನ್ನು ಮೂರು ಜನ ಪೇಂಟರ್‌ಗಳಿಗೂ ತೋರಿಸಿದೆ. 14, 17, 22 ಸಾವಿರ ಅಂದರು, ಎಮಲ್ಷನ್ ಸೇರಿಸಿ. 46 ಅಂದಿದ್ದಕ್ಕೆ ಒಬ್ಬ, "ಏನ್ ಸಾರ್, ಮೂರು ಮನೆಗಾ?" ಅಂದ.

ಇದೆಲ್ಲಕ್ಕಿಂತ ದೊಡ್ಡ ಸಾಕ್ಷಿ ಆ ಮನೆಯ ಗೋಡೆಯಲ್ಲೇ ಇತ್ತು. ಬ್ಯಾಂಕಿನದೊಂದು ಕವರ್ ಹಳೆ ವಿಳಾಸಕ್ಕೆ ಹೋಗಿತ್ತು, ತರಲು ಹೋದೆ. ಹಾಸನ ಕಡೆಯ ಗಂಡ ಹೆಂಡತಿ, ಒಳಗೆ ಕರೆದರು. ರೂಮಿನ ಬಾಗಿಲ ಹಿಂದೆ ಮಗಳ ಎತ್ತರ ಅಳೆದು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ, ವರ್ಷಕ್ಕೊಂದು. ಐದೂ ಗೆರೆ ತಾರೀಕಿನ ಸಮೇತ ಹಾಗೇ ಇದ್ದವು. 46 ಸಾವಿರದ ಪೇಂಟು! ಅವರ ಒಪ್ಪಿಗೆ ಕೇಳಿ ಫೋಟೋ ತೆಗೆದುಕೊಂಡೆ. ಅವರಿಗೆ ತೊಂದರೆ ಆಗದ ಹಾಗೆ ಅದನ್ನು ಹೇಗೆ ಬಳಸಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಅವರು ಇನ್ನೂ ಅದೇ ಮನೆಯಲ್ಲಿದ್ದಾರೆ.

ನೋಟಿಸ್‌ನಲ್ಲೂ ಒಂದು ಸಲ ಎಡವಿದೆ. ವಕೀಲರಿಗೆ 3,000 ಕೊಟ್ಟು, ಅಗ್ರಿಮೆಂಟ್‌ಗೆ ಸಹಿ ಹಾಕಿದ್ದ ಓನರ್ ಹೆಸರಿಗೆ ರಿಜಿಸ್ಟರ್ಡ್ ಪೋಸ್ಟ್ ಹಾಕಿಸಿದೆ. "ಡೋರ್ ಲಾಕ್ಡ್" ಅಂತ ವಾಪಸ್ ಬಂತು. ಬಾಗಿಲು ಹಾಕುವ ಮನೆಯೇ ಅಲ್ಲ ಅದು. ಆಗ ನೆನಪಾಗಿದ್ದು ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಕೇಳುವುದು. ಬಾಡಿಗೆ ವರ್ಷಕ್ಕೆ ಲಕ್ಷ ದಾಟಿದರೆ ಆಫೀಸಿಗೆ ಓನರ್ ಪ್ಯಾನ್ ಕೊಡಬೇಕಲ್ಲ, ಅವರು ಕೊಟ್ಟಿದ್ದು ಹೆಂಡತಿಯ ಪ್ಯಾನ್. ಸಬ್ ರಿಜಿಸ್ಟ್ರಾರ್ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆದು ನೋಡಿದೆ. ಮನೆ ಇರೋದೇ ಆಂಟಿ ಹೆಸರಿನಲ್ಲಿ.

ಎರಡನೇ ನೋಟಿಸ್ ಇಬ್ಬರ ಹೆಸರಿಗೂ ಬೇರೆ ಬೇರೆ ಹೋಯಿತು. ವಕೀಲರು ಈ ಸಲ 1,500 ತಗೊಂಡರು. 18 ಪರ್ಸೆಂಟ್ ಬಡ್ಡಿ ಅಂತ ಬರೆದರು, ಅದು ಸುಮ್ನೆ, ಒಂದು ಪೈಸೆ ಬಡ್ಡಿ ಬರಲಿಲ್ಲ. 15 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕುತ್ತೇವೆ ಅಂತಲೂ ಸೇರಿಸಿದರು. ಅಲ್ಲಿ ಇಬ್ಬರನ್ನೂ ಕರೆಸಿ ಎದುರುಬದುರು ಕೂರಿಸುತ್ತಾರೆ, ಕೋರ್ಟ್ ಫೀ ಇಲ್ಲ. ಕೊನೆಗೆ ನಾನೇ ಹೇಳಿ ಬರೆಸಿದ ಒಂದು ಸಾಲು ಇತ್ತು. ಅದು ನನ್ನ ಹತ್ತಿರವೇ ಇರಲಿ. ಬೆದರಿಕೆ ಅಲ್ಲ, ಒಂದು ಪ್ರಶ್ನೆ ಅಷ್ಟೇ.

ಆಂಟಿ ಸಹಿ ಹಾಕಿ ತಗೊಂಡರು. ಎರಡೇ ದಿನಕ್ಕೆ ಓನರ್ ಫೋನ್. "ಮನೆ ಹೆಂಗಸರಿಗೆಲ್ಲ ನೋಟಿಸ್ ಕಳಿಸ್ತಾರೇನಪ್ಪ?" ದನಿ ಮೆತ್ತಗಾಗಿತ್ತು. ಅಡ್ವಾನ್ಸ್ ಆಗಲೇ ವಾಪಸ್ ಕೊಟ್ಟಾಗಿದೆ ಅಂತ ಆಂಟಿ ಅಂದುಕೊಂಡಿದ್ದರಂತೆ.

ವಾಶ್ ಬೇಸಿನ್ ಬಿರುಕು ಬಿಟ್ಟಿದ್ದು ನಮ್ಮಿಂದಲೇ. ಅದಕ್ಕೆ 5,500, ಕೊನೆ ಕರೆಂಟ್ ಬಿಲ್ 2,800 ಅಂತ ನಾನೇ ಕಳೆದು 1,01,700ಕ್ಕೆ ಲೆಕ್ಕ ಬರೆದು ಕಳಿಸಿದೆ. ಮೂರು ಕಂತಿನಲ್ಲಿ ಬಂತು: 50, 40, ಆಮೇಲೆ 11 ಸಾವಿರ. ನನಗೆ ಖರ್ಚಾಗಿದ್ದು ಆಟೋ, ಪೋಸ್ಟು, ವಕೀಲರು ಎಲ್ಲ ಸೇರಿ ಆರು ಸಾವಿರದ ಹತ್ತಿರ, ಮೂರು ಅರ್ಧ ದಿನದ ರಜೆ ಬೇರೆ.

ಆ 700 ಇನ್ನೂ ಬಂದಿಲ್ಲ. ಅಂಕಲ್ ಹಬ್ಬಕ್ಕೆ ಶುಭಾಶಯದ ಚಿತ್ರ ಮಾತ್ರ ತಪ್ಪದೆ ಕಳಿಸುತ್ತಾರೆ.