ಚಿಗುರು ಹಳದಿ, ನರ ಮಾತ್ರ ಹಸಿರು: ತಾರಸಿ ಕುಂಡಗಳಲ್ಲಿ ಪೋಷಕಾಂಶದ ಕೊರತೆ ಹಿಡಿಯುವ ನನ್ನ ಕ್ರಮ

ಎಲೆ ಹಳದಿ ಕಂಡ ಕೂಡಲೇ ನಾನು ಗೊಬ್ಬರದ ಡಬ್ಬಿ ತೆಗೆಯುವುದಿಲ್ಲ. ಹಳದಿ ಎಲ್ಲಿಂದ ಶುರುವಾಗಿದೆ ಎಂದು ಮೊದಲು ನೋಡುತ್ತೇನೆ. ಬುಡದ ಬಲಿತ ಎಲೆಯಿಂದಲೋ, ತುದಿಯ ಚಿಗುರಿನಿಂದಲೋ? ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುತ್ತವೆ. ಸಾಲದಾದಾಗ ಗಿಡ ಹಳೆಯ ಎಲೆಯಲ್ಲಿರುವುದನ್ನು ಎಳೆದು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಒಮ್ಮೆ ಎಲೆಯಲ್ಲಿ ಕೂತರೆ ಅಲ್ಲಿಂದ ಕದಲುವುದಿಲ್ಲ, ಅವುಗಳ ಕೊರತೆ ಚಿಗುರಿನಲ್ಲೇ ಕಾಣುತ್ತದೆ. ಸತುವೂ ಹೆಚ್ಚುಕಡಿಮೆ ಈ ಗುಂಪಿನದೇ. ಇಷ್ಟು ನೋಡಿದರೆ ಅರ್ಧ ಪತ್ತೆದಾರಿಕೆ ಮುಗಿದಂತೆ.

ಉಳಿದರ್ಧಕ್ಕೆ ಎಲೆ ಬಿಟ್ಟು ಬೇರೆ ಕಡೆ ನೋಡಬೇಕು. ಎಲೆಯ ಅಡಿಭಾಗವನ್ನು ಬಿಳಿ ಕಾಗದದ ಮೇಲೆ ತಟ್ಟುತ್ತೇನೆ. ಚುಕ್ಕಿಗಳು ಹರಿದಾಡಿದರೆ ಅದು ನುಸಿ, ಕೊರತೆಯಲ್ಲ. ಮೆಣಸಿನ ಗಿಡದ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಮುಖವಾಗಿ ಮಡಚಿದ್ದರೆ ಮೈಟ್ ನುಸಿ ಇರುವುದೇ ಹೆಚ್ಚು. ಇದನ್ನು ಕ್ಯಾಲ್ಸಿಯಂ ಕೊರತೆ ಎಂದುಕೊಂಡು ತಿಂಗಳುಗಟ್ಟಲೆ ಮೊಟ್ಟೆ ಚಿಪ್ಪು ಹಾಕುವವರಿದ್ದಾರೆ. ಆಮೇಲೆ ಬೆರಳನ್ನು ಮಣ್ಣಿನೊಳಗೆ ಎರಡು ಇಂಚು ಇಳಿಸಿ ತೇವ ನೋಡುತ್ತೇನೆ, ಕುಂಡದ ಕೆಳಗಿನ ತೂತು ಕಟ್ಟಿದೆಯೇ ಎಂದೂ ನೋಡುತ್ತೇನೆ. ನೀರು ನಿಂತು ಬೇರು ಕೊಳೆತಿದ್ದರೆ ಗಿಡಕ್ಕೆ ಎಲ್ಲದರ ಕೊರತೆಯೂ ಒಟ್ಟಿಗೇ ಬರುತ್ತದೆ, ಆಗ ಯಾವ ಗೊಬ್ಬರವೂ ಕೆಲಸ ಮಾಡದು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿ ಎಲೆಯ ತುದಿ ಸುಟ್ಟಿದ್ದರೆ ಅದು ಗೊಬ್ಬರ ಹೆಚ್ಚಾದ ಲಕ್ಷಣ. ಕುಂಡದ ಗಾತ್ರದ ಎರಡರಷ್ಟು ನೀರನ್ನು ನಿಧಾನವಾಗಿ ಹಾಯಿಸಿ ತೊಳೆಯುವುದೇ ಅದಕ್ಕೆ ಮದ್ದು.

ಬೆಂಗಳೂರಿನ ತಾರಸಿಗಳಲ್ಲಿ ಬೋರ್‌ವೆಲ್ ನೀರು ಕುಡಿಯುವ ಕುಂಡಗಳನ್ನು ಅತಿ ಹೆಚ್ಚು ಕಾಡುವುದು ಕಬ್ಬಿಣದ ಕೊರತೆ ಎಂಬುದು ನನ್ನ ಲೆಕ್ಕ. ನಿಂಬೆ, ಗುಲಾಬಿ, ದಾಸವಾಳ, ಕರಿಬೇವು, ಇಕ್ಸೋರಾ ಇದಕ್ಕೆ ಬೇಗ ಸಿಕ್ಕಿಬೀಳುತ್ತವೆ. ಚಿಗುರೆಲೆಯ ಮೈ ಹಳದಿ, ನರಗಳ ಬಲೆ ಮಾತ್ರ ಹಸಿರು. ಜಾಸ್ತಿಯಾದರೆ ಚಿಗುರು ಕೆನೆಬಣ್ಣಕ್ಕೆ ತಿರುಗಿ ಅಂಚು ಒಣಗುತ್ತದೆ. ಇಲ್ಲಿ ತಿಳಿಯಬೇಕಾದ ವಿಷಯ ಒಂದಿದೆ: ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇದೆ, ನಮ್ಮ ಕೆಮ್ಮಣ್ಣಿನ ಬಣ್ಣವೇ ಅದರಿಂದ ಬಂದದ್ದು. ಆದರೆ ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ದಿನದಿನವೂ ಸೇರಿ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲೆ ಕ್ಷಾರ) ಏರುತ್ತದೆ, 7.5 ದಾಟಿದ ಮೇಲೆ ಆ ಕಬ್ಬಿಣ ಬೇರಿಗೆ ಸಿಗದ ರೂಪಕ್ಕೆ ಹೋಗಿಬಿಡುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅದೇ ನೀರು ಕುಂಡದಲ್ಲೂ ಅದನ್ನೇ ಮಾಡುತ್ತಿದೆ ಎಂದು ತಿಳಿಯಿರಿ. ಮಳೆಗಾಲದಲ್ಲಿ ಹಸಿರಾಗಿದ್ದ ನಿಂಬೆ ಜನವರಿಯಿಂದ ಮತ್ತೆ ಬಿಳಿಚಿದರೆ ನನ್ನ ಅನುಮಾನ ಮೊದಲು ನೀರಿನ ಮೇಲೆಯೇ.

ಪಿಎಚ್ ನೋಡುವುದು ಕಷ್ಟವಲ್ಲ. ಒಣಗಿಸಿ ಪುಡಿ ಮಾಡಿದ ಮಣ್ಣು 20 ಗ್ರಾಂ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 50 ಎಂ.ಎಲ್. ಚೆನ್ನಾಗಿ ಕಲಕಿ ಅರ್ಧ ಗಂಟೆ ಬಿಟ್ಟು, ಮತ್ತೊಮ್ಮೆ ಕಲಕಿ ಪೆನ್ ಮೀಟರ್ ಅದ್ದಬೇಕು. ಮೀಟರನ್ನು ಮೊದಲು ಬಫರ್ ದ್ರಾವಣದಲ್ಲಿ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ, ಸರಿಹೊಂದಿಸದಿದ್ದರೆ ಅದು ತೋರಿಸುವ ಅಂಕಿಗೆ ಬೆಲೆಯಿಲ್ಲ. ಮೀನಿನ ತೊಟ್ಟಿಗೆಂದು ಮಾರುವ ಪಿಎಚ್ ಹನಿಗಳೂ ನಡೆಯುತ್ತವೆ, ಆದರೆ ನೀರು ತಿಳಿಯಾಗಿ ಮೇಲೆ ನಿಂತ ನಂತರವೇ ಬಣ್ಣ ನೋಡಬೇಕು. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮೀಟರನ್ನು ನಾನು ನಂಬುವುದಿಲ್ಲ.

ಇದಾದ ಮೇಲೆ ಕುಂಚದ ಪರೀಕ್ಷೆ. ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಟ್ಟಿರುವುದು ಇದೇ. ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, 1 ಗ್ರಾಂ ಮತ್ತು ಒಂದು ಚಿಟಿಕೆ ಸಿಟ್ರಿಕ್ ಆಸಿಡ್ ಅನ್ನು ಕಾಲು ಲೀಟರ್ ಮಳೆನೀರು ಅಥವಾ ಆರ್‌ಓ ನೀರಿನಲ್ಲಿ ಕರಗಿಸುತ್ತೇನೆ. ಮೊದಲು ಸಿಟ್ರಿಕ್ ಆಸಿಡ್, ಆಮೇಲೆ ಅನ್ನಭೇದಿ. ಹಳದಿ ಚಿಗುರೆಲೆಯ ಅರ್ಧ ಭಾಗಕ್ಕೆ ಮಾತ್ರ, ಮೇಲೂ ಕೆಳಗೂ, ಕುಂಚದಿಂದ ಸವರಿ, ತೊಟ್ಟಿಗೆ ದಾರ ಕಟ್ಟಿ ಗುರುತು ಮಾಡುತ್ತೇನೆ. ಪಕ್ಕದ ರೆಂಬೆಯ ಎಲೆಗೆ ಇದೇ ರೀತಿ ಸತುವಿನ ದ್ರಾವಣ, ಇನ್ನೊಂದಕ್ಕೆ ಬರಿ ನೀರು. ವಾರದೊಳಗೆ ಸವರಿದ ಕಡೆ ಹಸಿರು ಚುಕ್ಕೆ ಮೂಡಿದರೆ ಕೊರತೆ ಕಬ್ಬಿಣದ್ದೇ ಎಂದು ಖಾತ್ರಿ. ಅನ್ನಭೇದಿ ತಿಳಿ ಹಸಿರು ಬಣ್ಣದ್ದಾಗಿರಬೇಕು. ಗಾಳಿ ತಗುಲಿ ಕಂದು ಹಳದಿಗೆ ತಿರುಗಿದ್ದರೆ ಅದು ಕೆಟ್ಟಿದೆ. ತಾರಸಿಯ ನೆಲಕ್ಕೆ ಚೆಲ್ಲಿದರೆ ತುಕ್ಕಿನ ಕಲೆ ಬಿಡುವುದಿಲ್ಲ, ಕೆಳಗೆ ಗೋಣಿ ಹಾಸಿಕೊಳ್ಳಿ.

ಖಾತ್ರಿಯಾದ ಮೇಲೆ ಚಿಕಿತ್ಸೆ ಎರಡು ಹಂತದಲ್ಲಿ. ತಕ್ಷಣಕ್ಕೆ ಎಲೆಗೆ ಸಿಂಪಡಣೆ: ಲೀಟರಿಗೆ ಅನ್ನಭೇದಿ 3 ಗ್ರಾಂ, ಸಿಟ್ರಿಕ್ ಆಸಿಡ್ 1 ಗ್ರಾಂ, ಸಂಜೆ ಬಿಸಿಲಿಳಿದ ಮೇಲೆ, ಹತ್ತು ದಿನಕ್ಕೊಮ್ಮೆ ಮೂರು ಸಲ. ಹೊಲಕ್ಕೆ 5 ಗ್ರಾಂವರೆಗೆ ಹೇಳುತ್ತಾರೆ, ಕುಂಡದ ಎಳೆ ಚಿಗುರಿಗೆ ಅದು ಸುಡುವ ಅಪಾಯವಿದೆ. ಆದರೆ ಸಿಂಪಡಣೆ ತಾಗಿದ ಎಲೆ ಮಾತ್ರ ಹಸಿರಾಗುತ್ತದೆ, ಮುಂದಿನ ಚಿಗುರು ಮತ್ತೆ ಹಳದಿಯೇ ಬರುತ್ತದೆ. ಹಾಗಾಗಿ ಬುಡಕ್ಕೂ ಕೊಡಲೇಬೇಕು, ಹೆಚ್ಚಿನವರು ಎಡವುವುದು ಇಲ್ಲಿಯೇ. ಪಿಎಚ್ ಏರಿದ ಮಣ್ಣಿಗೆ ಅನ್ನಭೇದಿ ಸುರಿದರೆ ಕೆಲವೇ ದಿನಗಳಲ್ಲಿ ತುಕ್ಕಾಗಿ ಕೂರುತ್ತದೆ. ಹಾಗಾಗದಂತೆ ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕದೊಂದಿಗೆ ಬೆಸೆದದ್ದು (ಚೀಲೇಟ್) ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಕಬ್ಬಿಣ ಹಳದಿ ಪುಡಿ, ಅದರಲ್ಲಿ ಕಬ್ಬಿಣ 12 ಶೇಕಡಾ. ಅದು ಪಿಎಚ್ 6.5ರವರೆಗೆ ಚೆನ್ನ, ಮೇಲೆ ಹೋದಂತೆ ಕಬ್ಬಿಣವನ್ನು ಹಿಡಿದಿಡಲಾರದೆ ಸೋಲುತ್ತದೆ. 8ರ ಹತ್ತಿರದ ಮಣ್ಣಿಗೆ ಬೇಕಾದದ್ದು ಇಡಿಡಿಎಚ್‌ಎ ಕಬ್ಬಿಣ. ಅದು 6 ಶೇಕಡಾದ ಕಡುಗೆಂಪು ಹರಳು, ಬೆಲೆ ಜಾಸ್ತಿ. 12 ಇಂಚಿನ ಕುಂಡಕ್ಕೆ 3 ಗ್ರಾಂ ಅನ್ನು 2 ಲೀಟರ್ ನೀರಿನಲ್ಲಿ ಕರಗಿಸಿ, ಮಣ್ಣು ತೇವವಿರುವಾಗ ಸಂಜೆ ಹಾಕಿ ಮೇಲೆ ಒಣಗೆಲೆ ಮುಚ್ಚುತ್ತೇನೆ, ಏಕೆಂದರೆ ಬೆಳಕಿಗೆ ಅದು ಒಡೆಯುತ್ತದೆ. ಎರಡು ತಿಂಗಳಿಗೆ ಮತ್ತೊಮ್ಮೆ.

ನೀರನ್ನೂ ಸರಿಪಡಿಸಬೇಕು. ಕಾವೇರಿ ನೀರು ಅಥವಾ ಮಳೆನೀರು ಸಿಕ್ಕರೆ ನಿಂಬೆ, ಗುಲಾಬಿಯಂಥ ಗಿಡಗಳಿಗೆಂದೇ ಎತ್ತಿಡುತ್ತೇನೆ. ಬೋರ್‌ವೆಲ್ ನೀರೇ ಗತಿಯಾದರೆ 10 ಲೀಟರಿಗೆ 3 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಪಿಎಚ್ 6.5ರ ಆಸುಪಾಸಿಗೆ ಬಂತೇ ಎಂದು ನೋಡಿ ವಾರಕ್ಕೊಮ್ಮೆ ಕೊಡುತ್ತೇನೆ. ಇದರ ಗುಣ ತಾತ್ಕಾಲಿಕ, ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರಿಕ್ ಆಸಿಡ್ ಅನ್ನು ತಿಂದು ಮುಗಿಸುತ್ತವೆ. ನಿಧಾನವಾಗಿ, ಆದರೆ ಉಳಿಯುವಂತೆ ಪಿಎಚ್ ಇಳಿಸುವುದು ಗಂಧಕದ ಪುಡಿ: 12 ಇಂಚಿನ ಕುಂಡಕ್ಕೆ ಒಂದು ಟೀ ಚಮಚ, ಮೇಲ್ಮಣ್ಣಿಗೆ ಬೆರೆಸಿ ತೇವ ಆರದಂತೆ ನೋಡಿಕೊಂಡರೆ ಎರಡು ಮೂರು ತಿಂಗಳಲ್ಲಿ ಫಲ ಗೊತ್ತಾಗುತ್ತದೆ. ಮತ್ತೆ ಅಳೆಯದೆ ಎರಡನೇ ಸಲ ಹಾಕಬೇಡಿ. ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಪಿಎಚ್ ಇಳಿಸುತ್ತದೆಂಬ ನಂಬಿಕೆ ಕುಂಡದ ಮಟ್ಟಿಗೆ ತಪ್ಪು. ಒಲೆಬೂದಿ ಮತ್ತು ಮೊಟ್ಟೆ ಚಿಪ್ಪಂತೂ ಕ್ಷಾರದ ಕಡೆಯವು. ಹಳದಿಯಾದ ನಿಂಬೆಗೆ ಬೂದಿ ಹಾಕಿದರೆ ರೋಗಕ್ಕೇ ಊಟ ಹಾಕಿದಂತೆ.

ನಿಂಬೆಯಲ್ಲಿ ಸತುವಿನ ಕೊರತೆ ಕಬ್ಬಿಣದ ಜೊತೆಯಲ್ಲೇ ಬರುವುದುಂಟು. ಎಲೆ ಚಿಕ್ಕದು, ಕಿರಿದು, ಗೆಣ್ಣುಗಳು ಒತ್ತೊತ್ತಾಗಿ ಗೊಂಚಲಿನಂತೆ, ನರಗಳ ನಡುವೆ ಹಳದಿ ಮಚ್ಚೆ. ಲೀಟರಿಗೆ ಸತುವಿನ ಸಲ್ಫೇಟ್ 5 ಗ್ರಾಂ, ಅರಳಿಸಿದ ಸುಣ್ಣ 2.5 ಗ್ರಾಂ, ಬೇರೆ ಬೇರೆ ಕರಗಿಸಿ ಬೆರೆಸಿ, ಬಟ್ಟೆಯಲ್ಲಿ ಸೋಸಿ, ಎಲೆ ಪೂರ್ತಿ ಬಿಚ್ಚಿಕೊಳ್ಳುವ ಹೊತ್ತಿಗೆ ಸಿಂಪಡಿಸಬೇಕು. ಸುಣ್ಣವಿಲ್ಲದೆ ಹೊಡೆದರೆ ಎಲೆ ಸುಡುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲಘು ಪೋಷಕಾಂಶ ಮಿಶ್ರಣಗಳಲ್ಲಿ ತರಕಾರಿಗೆ ಬೇರೆ, ನಿಂಬೆ ಜಾತಿಗೆ ಬೇರೆ ಇವೆ. ಎರಡು ಮೂರು ಕೊರತೆ ಒಟ್ಟಿಗಿರುವ ಅನುಮಾನವಿದ್ದರೆ ನಾನು ಅದನ್ನೇ ಪೊಟ್ಟಣದ ಪ್ರಮಾಣದಂತೆ ಬಳಸುತ್ತೇನೆ.

ಬಲಿತ ಎಲೆಗಳ ಕಡೆ ಕೆಲಸ ಸುಲಭ. ಕೆಳಗಿನ ಎಲೆ ನರಸಹಿತ ಒಂದೇ ಸಮ ತಿಳಿ ಹಳದಿಯಾದರೆ ಸಾರಜನಕ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ, ದಿನಾ ನೀರು ಸೋರುವ ಕುಂಡದಲ್ಲಿ ಇದು ಬೇಗ ಬರುತ್ತದೆ. ಕಡಲೆಕಾಯಿ ಹಿಂಡಿ 100 ಗ್ರಾಂ ಅನ್ನು 2 ಲೀಟರ್ ನೀರಿನಲ್ಲಿ ಎರಡು ದಿನ ನೆನೆಸಿ, ಸೋಸಿ, 20 ಲೀಟರಿಗೆ ತಿಳಿ ಮಾಡಿ ಹತ್ತು ದಿನಕ್ಕೊಮ್ಮೆ ಕೊಡುತ್ತೇನೆ. ನೆನೆಸದೆ ಬುಡಕ್ಕೆ ಹಾಕಿದರೆ ಇರುವೆ ಬರುತ್ತವೆ, ಇಲಿಯೂ ಬರುತ್ತದೆ. ಬಲಿತ ಎಲೆಯ ಅಂಚು ಮಾತ್ರ ಸುಟ್ಟಂತಾದರೆ ಪೊಟ್ಯಾಷ್: ಸಲ್ಫೇಟ್ ಆಫ್ ಪೊಟ್ಯಾಷ್ ಲೀಟರಿಗೆ 2 ಗ್ರಾಂ ಬುಡಕ್ಕೆ. ಬಲಿತ ಎಲೆಯಲ್ಲಿ ನರ ಹಸಿರಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ನಿಂಬೆಯಲ್ಲಿ ಎಲೆಯ ಬುಡದಲ್ಲಿ ಹಸಿರು ತ್ರಿಕೋನ ಉಳಿದಿರುತ್ತದೆ. ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಲೀಟರಿಗೆ 5 ಗ್ರಾಂ, ಹದಿನೈದು ದಿನಕ್ಕೊಮ್ಮೆ ಎಲೆಗೆ, ಮೂರು ಸಲ. ಪೊಟ್ಯಾಷ್ ಅತಿಯಾದರೂ ಬೇರು ಮೆಗ್ನೀಸಿಯಂ ಹೀರುವುದು ಕಮ್ಮಿಯಾಗುತ್ತದೆ. ಬಾಳೆಸಿಪ್ಪೆ, ಬೂದಿ, ಪೊಟ್ಯಾಷ್ ಗೊಬ್ಬರ ಮೂರನ್ನೂ ಹಾಕುವವರ ಟೊಮೇಟೊದಲ್ಲಿ ಇದನ್ನು ನೋಡಬಹುದು.

ಟೊಮೇಟೊ ಕಾಯಿಯ ತಳ ಕಪ್ಪಾಗಿ ಗುಳಿ ಬೀಳುವುದು ಕ್ಯಾಲ್ಸಿಯಂ ಕಾಯಿಗೆ ತಲುಪದ್ದರಿಂದ. ಕ್ಯಾಲ್ಸಿಯಂ ನೀರಿನ ಜೊತೆಗಷ್ಟೇ ಏರುತ್ತದೆ, ಆ ನೀರನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಎಲೆಗಳು. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಕಾಯಿಗೆ ಪಾಲು ಸಿಗುವುದಿಲ್ಲ. ಹೂ ಬಿಟ್ಟಾಗಿನಿಂದ ಮಣ್ಣಿನ ತೇವ ಒಂದೇ ಸಮ ಇರುವಂತೆ ಬೇಸಿಗೆಯಲ್ಲಿ ಎರಡು ಹೊತ್ತು ನೀರು, ಮೇಲೆ ಎರಡು ಇಂಚು ಒಣಹುಲ್ಲಿನ ಹೊದಿಕೆ, ವಾರಕ್ಕೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 2 ಗ್ರಾಂ ಬುಡಕ್ಕೆ. ಗುಳಿ ಬಿದ್ದ ಕಾಯಿ ಸರಿಹೋಗದು, ಕಿತ್ತುಹಾಕಿ. ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಎಪ್ಸಮ್ ಸಾಲ್ಟ್ ಅನ್ನು ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಕಲಸಿಡಬೇಡಿ, ಜಿಪ್ಸಂ ಆಗಿ ತಳ ಹಿಡಿಯುತ್ತದೆ.

ಯಾವ ಚಿಕಿತ್ಸೆಯೇ ಆಗಲಿ, ಒಂದು ಸಲಕ್ಕೆ ಒಂದನ್ನೇ ಮಾಡಿ, ಆ ದಿನ ತುದಿಯಲ್ಲಿದ್ದ ಎಲೆಗೆ ದಾರ ಕಟ್ಟಿ ತಾರೀಕು ಬರೆದಿಡುತ್ತೇನೆ. ಸಾರಜನಕ ಕೊಟ್ಟ ಗಿಡ ವಾರ ಹತ್ತು ದಿನದಲ್ಲಿ ಬಣ್ಣ ತಿರುಗಿಸುತ್ತದೆ, ಬುಡಕ್ಕೆ ಕೊಟ್ಟ ಕಬ್ಬಿಣಕ್ಕೆ ಮೂರು ನಾಲ್ಕು ವಾರ ಬೇಕು. ಸುಟ್ಟ ಅಂಚು, ಒಣಗಿದ ಮಚ್ಚೆ ಮತ್ತೆ ಹಸಿರಾಗುವುದಿಲ್ಲವಾದ್ದರಿಂದ ನಾನು ನೋಡುವುದು ದಾರದಿಂದ ಮೇಲೆ ಬಂದ ಎಲೆಗಳನ್ನು ಮಾತ್ರ.