ಗಾಡಿ ಸದ್ದಿಲ್ಲದ ಫ್ರಾನ್ಸ್: ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ ಮಾಡುವುದು ಹೇಗೆ?

ಫ್ರಾನ್ಸಿಗೆ ಹೊರಟವರು ಸಾಮಾನ್ಯವಾಗಿ ಮೊದಲು ಊರುಗಳ ಪಟ್ಟಿ ಮಾಡುತ್ತಾರೆ. ಸೈಕಲ್ ಮೇಲೆ ಹೋಗುವವರು ಆ ಪಟ್ಟಿಯನ್ನು ಪಕ್ಕಕ್ಕಿಡಬೇಕು. ಮೊದಲು ಒಂದು ಒಳ್ಳೆಯ ದಾರಿ ಹುಡುಕಿ. ಆ ದಾರಿಯಲ್ಲಿ ಯಾವ ಊರು ಸಿಗುತ್ತದೋ ಅದೇ ನಿಮ್ಮ ಪ್ರವಾಸ. ಹೀಗೆ ಮಾಡಿದರೆ ಲಾರಿಯ ಹಾರ್ನ್ ಕೇಳದೆ, ಹಿಂದೆ ಯಾರು ಬರುತ್ತಿದ್ದಾರೆ ಅಂತ ತಿರುಗಿ ನೋಡದೆ, ದಿನಗಟ್ಟಲೆ ಸೈಕಲ್ ತುಳಿಯಬಹುದು. ಬೆಂಗಳೂರಿನ ರಸ್ತೆಗಳಲ್ಲಿ ಸೈಕಲ್ ಓಡಿಸಿ ಗೊತ್ತಿರುವವರಿಗೆ ಇದು ಎಂಥ ಸುಖ ಅಂತ ಬಿಡಿಸಿ ಹೇಳಬೇಕಿಲ್ಲ.

ಇಂಥ ದಾರಿಗಳು ಎಲ್ಲಿಂದ ಬಂದವು?

ಇದನ್ನು ತಿಳಿದುಕೊಂಡರೆ ದಾರಿ ಆರಿಸುವುದು ಅರ್ಧ ಮುಗಿದಂತೆ. 1870ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಲೋಕೋಪಯೋಗಿ ಸಚಿವರಾಗಿದ್ದ ಶಾರ್ಲ್ ದ ಫ್ರೆಸಿನೆ ಒಂದು ಭಾರಿ ಯೋಜನೆ ಹಾಕಿದರು. ಚಿಕ್ಕ ಚಿಕ್ಕ ಪಟ್ಟಣಗಳಿಗೂ ರೈಲು ಹೋಗಬೇಕು, ಕಾಲುವೆಗಳಲ್ಲಿ ಒಂದೇ ಅಳತೆಯ ದೋಣಿಗಳು ಓಡಾಡಬೇಕು ಎಂಬುದು ಅವರ ಆಸೆ. ರೈಲು ಬಂತು, ಕಾಲುವೆಗಳು ಅಗಲವಾದವು. ಆಮೇಲೆ ಬಸ್ಸು, ಲಾರಿ, ಕಾರು ಬಂದವು. ಸಣ್ಣ ರೈಲು ಮಾರ್ಗಗಳು ಒಂದೊಂದಾಗಿ ಮುಚ್ಚಿಹೋದವು. ಹಳಿ ಕಿತ್ತರೂ ನೆಲ ಉಳಿಯಿತು.

ಉಗಿಬಂಡಿಗೆ ಕಡಿದಾದ ಏರು ಹತ್ತಲು ಆಗುತ್ತಿರಲಿಲ್ಲ. ಹಾಗಾಗಿ ಹಳೆಯ ರೈಲು ದಾರಿಗಳಲ್ಲಿ ಏರಿದ್ದರೂ ಮೊಣಕಾಲಿಗೆ ತಿಳಿಯುವುದಿಲ್ಲ. ಕಾಲುವೆ ದಂಡೆ ಇನ್ನೂ ಸಮತಟ್ಟು. ಕುದುರೆಗಳು ದೋಣಿ ಎಳೆದುಕೊಂಡು ಹೋಗುತ್ತಿದ್ದ ದಾರಿ ಅದು. ಈ ಎರಡೂ ಬಗೆಯ ದಾರಿಗಳನ್ನು ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಟ್ಟಾಗ ಅದಕ್ಕೆ ‘ವಾ ವೆರ್ತ್’ ಎನ್ನುತ್ತಾರೆ. ಅಲ್ಲಿ ಮೋಟಾರು ಗಾಡಿಗೆ ಪ್ರವೇಶವಿಲ್ಲ. ‘ವೆಲೊರೂತ್’ ಎಂಬ ಇನ್ನೊಂದು ಬೋರ್ಡೂ ಸಿಗುತ್ತದೆ. ಅದು ಸೈಕಲ್ಲಿಗೆ ಗುರುತು ಮಾಡಿದ ಉದ್ದನೆಯ ದಾರಿ. ಆದರೆ ಅದರಲ್ಲಿ ಸ್ವಲ್ಪ ದೂರ ಕಾರು ಓಡುವ ಸಣ್ಣ ರಸ್ತೆಯೂ ಸೇರಿರುತ್ತದೆ. ಪೂರ್ತಿ ನಿಶ್ಶಬ್ದ ಬೇಕೆನ್ನುವವರು ಈ ವ್ಯತ್ಯಾಸ ನೋಡಿಕೊಂಡೇ ಹೊರಡಬೇಕು.

ಮೊದಲ ಸಲಕ್ಕೆ ಬರ್ಗಂಡಿ

ನನ್ನನ್ನು ಕೇಳಿದರೆ ಮೊದಲ ಪ್ರವಾಸಕ್ಕೆ ಪೂರ್ವ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ದಕ್ಷಿಣ ಭಾಗವೇ ಸರಿ. ಫ್ರಾನ್ಸಿನ ಮೊದಲ ವಾ ವೆರ್ತ್ ಇಲ್ಲೇ ಆಯಿತು. 1997ರಲ್ಲಿ ಜಿವ್ರಿಯಿಂದ ಕ್ಲೂನಿವರೆಗಿನ ಹಳೆಯ ರೈಲು ಹಾದಿಯನ್ನು ಸೈಕಲ್ಲಿಗೆ ತೆರೆದರು. ಈಗ ಅದು ಉತ್ತರಕ್ಕೆ ಶಾಲೋಂ-ಸ್ಯುರ್-ಸೋನ್ ಕಡೆಗೂ ದಕ್ಷಿಣಕ್ಕೆ ಮಾಕೋಂ ಕಡೆಗೂ ಬೆಳೆದಿದೆ. ಮಾಕೋಂನಿಂದ ಸೋನ್ ನದಿಯ ದಡ ಹಿಡಿದು ತುರ್ನು ಮೇಲೆ ಶಾಲೋಂಗೆ ವಾಪಸ್ ಬಂದರೆ ಒಂದು ಸುತ್ತು ಪೂರ್ತಿ. ಒಟ್ಟು 150 ಕಿ.ಮೀ. ಆಸುಪಾಸು. ಅಭ್ಯಾಸ ಇರುವವರು ಎರಡೇ ದಿನದಲ್ಲಿ ಮುಗಿಸಬಹುದು, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಆರು ದಿನ ಇಟ್ಟುಕೊಳ್ಳಿ. ದಿನಕ್ಕೆ 25ರಿಂದ 35 ಕಿ.ಮೀ. ಸಾಕು.

ಶಾಲೋಂನಲ್ಲಿ ಅರ್ಧ ದಿನ ಕಳೆಯಿರಿ. ಫೋಟೋಗ್ರಫಿಗೆ ದಾರಿ ಮಾಡಿದ ನಿಸೆಫೋರ್ ನಿಯೆಪ್ಸ್ ಹುಟ್ಟಿದ ಊರು ಇದು. ಅವರ ಹೆಸರಿನ ಮ್ಯೂಸಿಯಂ ನದಿ ದಡದಲ್ಲೇ ಇದೆ. ಅಲ್ಲಿಂದ ಹೊರಟರೆ ಜಿವ್ರಿ, ಬ್ಯುಸ್ಸಿ, ಸಾಂ-ಜಾಂಗೂ. ಎರಡೂ ಕಡೆ ದ್ರಾಕ್ಷಿ ತೋಟ, ಆಮೇಲಾಮೇಲೆ ಬಿಳಿ ಶಾರೊಲೆ ದನಗಳು ಮೇಯುವ ಹುಲ್ಲುಗಾವಲು. ಹಳೆಯ ನಿಲ್ದಾಣದ ಕಟ್ಟಡಗಳು ಅಲ್ಲಲ್ಲಿ ಹಾಗೇ ಇವೆ. ಕೊರ್ಮಾತಾಂನಲ್ಲಿ 17ನೇ ಶತಮಾನದ ಅರಮನೆ ಇದೆ. ಅದನ್ನು ದಾಟಿದರೆ ಗುಡ್ಡದ ಮೇಲೆ ತೇಝೆ. 1940ರಲ್ಲಿ ಅಲ್ಲಿ ಶುರುವಾದ ಕ್ರೈಸ್ತ ಸಮುದಾಯಕ್ಕೆ ಎಲ್ಲ ಪಂಗಡದ ಯುವಜನರೂ ಬರುತ್ತಾರೆ. ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಿ ಕೂರಬಹುದು.

ಕ್ಲೂನಿಯಲ್ಲಿ ಎರಡು ರಾತ್ರಿ ಉಳಿಯಿರಿ. 910ರಲ್ಲಿ ಕಟ್ಟಿದ ಮಠ ಇದು. ರೋಮಿನ ಸೇಂಟ್ ಪೀಟರ್ಸ್ ಈಗಿನ ರೂಪದಲ್ಲಿ ಎದ್ದು ನಿಲ್ಲುವವರೆಗೂ ಕ್ರೈಸ್ತ ಜಗತ್ತಿನ ಅತಿ ದೊಡ್ಡ ಚರ್ಚ್ ಇಲ್ಲಿತ್ತು. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಮಾರಿ, ಒಡೆದು, ಕಲ್ಲು ಸಾಗಿಸಿಬಿಟ್ಟರು. ಉಳಿದಿರುವುದು ಒಂದು ಪಕ್ಕದ ಸ್ವಲ್ಪ ಭಾಗ ಮಾತ್ರ. ಅದರ ಕೆಳಗೆ ನಿಂತು ಮೇಲೆ ನೋಡಿದರೆ ಕಳೆದುಹೋದದ್ದು ಎಷ್ಟು ದೊಡ್ಡದು ಅಂತ ಅಂದಾಜಾಗುತ್ತದೆ.

ಕ್ಲೂನಿ ಬಿಟ್ಟ ಮೇಲೆ ಬೊವಾ ಕ್ಲೇರ್ ಸುರಂಗ. ಉದ್ದ 1.6 ಕಿ.ಮೀ. ಬೇಸಿಗೆಯಲ್ಲೂ ಒಳಗೆ ಗದಗುಟ್ಟುವ ಚಳಿ. ಜಾಕೆಟ್ ಕೈಗೆಟುಕುವಂತಿರಲಿ, ದೀಪ ಹಾಕಿಕೊಳ್ಳಿ. ಬಾವಲಿಗಳು ಚಳಿಗಾಲವನ್ನು ಇಲ್ಲಿ ಮಲಗಿ ಕಳೆಯುವುದರಿಂದ ಆ ತಿಂಗಳುಗಳಲ್ಲಿ ಸುರಂಗ ಮುಚ್ಚಿರುತ್ತದೆ. ಆಗ ಗುಡ್ಡ ಹತ್ತಿ ಇಳಿಯಬೇಕು.

ಹೊರಡುವ ಹಿಂದಿನ ದಿನ ಗಾಳಿಯ ದಿಕ್ಕು ನೋಡಿಕೊಳ್ಳಿ. ಈ ಕಣಿವೆಯಲ್ಲಿ ಉತ್ತರದಿಂದ ‘ಬೀಜ್’ ಎಂಬ ತಣ್ಣನೆಯ ಗಾಳಿ ಬೀಸುತ್ತದೆ. ಅದು ಜೋರಿದ್ದರೆ ಸುತ್ತನ್ನು ತಿರುಗಿಸಿ. ಮೊದಲು ನದಿ ದಡದಲ್ಲಿ ಶಾಲೋಂನಿಂದ ಮಾಕೋಂಗೆ ಇಳಿಯಿರಿ. ಬಯಲಿನಲ್ಲಿ ಗಾಳಿ ಬೆನ್ನಿಗಿರುತ್ತದೆ.

ಯಾವಾಗ, ಏನೇನು ತಯಾರಿ?

ಮೇ, ಜೂನ್, ಸೆಪ್ಟೆಂಬರ್. ಜುಲೈ–ಆಗಸ್ಟಿನಲ್ಲಿ ಫ್ರಾನ್ಸಿನವರೇ ರಜೆಯಲ್ಲಿರುತ್ತಾರೆ, ರೂಮು ಸಿಗುವುದು ಕಷ್ಟ, ಬಿಸಿಲೂ ಜಾಸ್ತಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ.

ಷೆಂಗೆನ್ ವೀಸಾಕ್ಕೆ ಪ್ರವಾಸದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಬೇಕು. ಯುರೋಪಿನಲ್ಲೇ ನೆಲೆಸಿರುವ ಕನ್ನಡಿಗರಿಗೆ ಈ ತಲೆನೋವು ಕಡಿಮೆ. ಅವರು ಒಂದು ಉದ್ದ ವಾರಾಂತ್ಯದಲ್ಲೇ ಇದರ ಅರ್ಧ ನೋಡಬಹುದು.

ಊರಿನಿಂದ ಸೈಕಲ್ ಹೊತ್ತುಕೊಂಡು ಹೋಗಬೇಡಿ. ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ, ಆದರೆ ಮೊದಲೇ ಬುಕ್ ಮಾಡಿ. ರೇಸ್ ಸೈಕಲ್ ಬೇಡ. ಟೈರ್ 38–40 ಮಿ.ಮೀ. ಅಗಲ ಇರಲಿ, ಯಾಕೆಂದರೆ ಎಲ್ಲ ಕಡೆ ಟಾರು ಇರುವುದಿಲ್ಲ, ಕೆಲವು ಕಡೆ ಗಟ್ಟಿ ಮಾಡಿದ ಜಲ್ಲಿ ಪುಡಿ. ಹಿಂದೆ ಕ್ಯಾರಿಯರ್, ಎರಡು ಪಕ್ಕಕ್ಕೂ ನೀರು ಹೋಗದ ಬ್ಯಾಗ್ ಕೇಳಿ. ಬೆನ್ನಿಗೆ ಚೀಲ ಹಾಕಿಕೊಂಡು ತುಳಿದರೆ ಸಂಜೆಯೊಳಗೆ ಭುಜ ಹೋಗುತ್ತದೆ. ಒಂದು ಟ್ಯೂಬ್, ಪಂಪು, ಟೈರ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಗಳು ಜೊತೆಗಿರಲಿ. ಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಸಿಗುವುದಿಲ್ಲ. ಆದ್ದರಿಂದ ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಕೈಯಾರೆ ಮಾಡಿ ಕಲಿತು ಹೋಗಿ.

ಲಿಯೋಂನಿಂದ ಮಾಕೋಂ, ಶಾಲೋಂ ಎರಡಕ್ಕೂ ಟಿಇಆರ್ ಎಂಬ ಪ್ರಾದೇಶಿಕ ರೈಲುಗಳಿವೆ. ಪ್ಯಾರಿಸ್ ಕಡೆಯಿಂದ ಬರುವವರು ದಿಜೋಂವರೆಗೆ ಟಿಜಿವಿ ಎಂಬ ಅತಿವೇಗದ ರೈಲು ಹಿಡಿದು ಅಲ್ಲಿ ಬದಲಿಸಬಹುದು. ಟಿಇಆರ್‌ನಲ್ಲಿ ಸೈಕಲ್ ಒಯ್ಯುವುದು ಸುಲಭ. ಸೈಕಲ್ ಒಯ್ಯಲು ಬಿಡುವ ಟಿಜಿವಿಗಳಲ್ಲಿ ಅದಕ್ಕೆ ಬೇರೆ ಜಾಗ ಕಾಯ್ದಿರಿಸಬೇಕು.

ನಕ್ಷೆಯನ್ನು ಹೀಗೆ ಓದಿ

ಫೋನಿನ ಆ್ಯಪ್ ಕಾರಿನ ದಾರಿ ತೋರಿಸುವ ಹಾಗಿದ್ದರೆ ಶಾಲೋಂ–ಕ್ಲೂನಿ ನಡುವೆ ನಿಮ್ಮನ್ನು ಡಿ981 ರಸ್ತೆಗೆ ಹಾಕಿಬಿಡುತ್ತದೆ. ವಾ ವೆರ್ತ್‌ಗೆ ಹತ್ತಿರದಲ್ಲೇ ಓಡುವ, ಗಾಡಿ ತುಂಬಿದ ರಸ್ತೆ ಅದು. ಸೈಕಲ್ ದಾರಿಯನ್ನೇ ಆರಿಸಿ, ಅದಕ್ಕಿಂತ ಮುಖ್ಯವಾಗಿ ಹಾದಿಯ ಬೋರ್ಡು ನೋಡಿ. ಬಿಳಿ ಮೇಲೆ ಹಸಿರಿನಲ್ಲಿ ಸೈಕಲ್ ಚಿತ್ರ ಇರುತ್ತದೆ.

ವಾ ವೆರ್ತ್ ಬಿಟ್ಟು ಹಳ್ಳಿ ಸುತ್ತುವ ಮನಸ್ಸಾದರೆ ಮಿಶೆಲಿನ್‌ನ 1:1,50,000 ಅಳತೆಯ ಕಾಗದದ ನಕ್ಷೆ ಕೊಳ್ಳಿ. ಅದರಲ್ಲಿ ಕೆಂಪು ರಸ್ತೆಗೆ ಹೋಗಲೇಬೇಡಿ. ಹಳದಿ ರಸ್ತೆ ಅನಿವಾರ್ಯ ಆದಾಗ ಮಾತ್ರ. ಬಿಳಿ ರಸ್ತೆಗಳೇ ನಿಮ್ಮವು. ಫ್ರಾನ್ಸಿನಲ್ಲಿ 34,000ಕ್ಕೂ ಹೆಚ್ಚು ಸ್ಥಳೀಯ ಆಡಳಿತದ ಊರುಗಳಿವೆ. ಒಂದನ್ನೊಂದು ಜೋಡಿಸುವ ಈ ಬಿಳಿ ದಾರಿಗಳಲ್ಲಿ ಗಂಟೆಗೆ ಒಂದೆರಡು ಕಾರು ಬಂದರೆ ಹೆಚ್ಚು. ರಸ್ತೆ ಮೇಲೆ ಬಾಣದ ತುದಿಯ ಗುರುತಿದ್ದರೆ ಅಲ್ಲಿ ಏರಿದೆ ಅಂತ. ಒಂದಿದ್ದರೆ ಶೇ 5ರಿಂದ 9, ಎರಡಿದ್ದರೆ ಶೇ 9ರಿಂದ 13. ಮೂರಿದ್ದರೆ ಬೇರೆ ದಾರಿ ನೋಡಿ.

ಹಳ್ಳಿಯ ಗಡಿಯಾರ

ಹೊಸಬರು ಸೋಲುವುದು ಏರಿನಲ್ಲಿ ಅಲ್ಲ, ಊಟದಲ್ಲಿ. ಮಧ್ಯಾಹ್ನ 12ಕ್ಕೆ ಅಂಗಡಿಗಳು ಮುಚ್ಚಿದರೆ ಎರಡರ ನಂತರವೇ ತೆರೆಯುವುದು. ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಒಂದೂವರೆಯೊಳಗೆ ಹೋದರೆ ಸಿಕ್ಕೀತು. ರಾತ್ರಿ ಊಟ ಏಳರ ಮೇಲೆ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಬಹಳ ಕಡೆ ಬಾಗಿಲು ಹಾಕಿರುತ್ತದೆ. ಮೇ ತಿಂಗಳಲ್ಲಿ 1 ಮತ್ತು 8ನೇ ತಾರೀಖು ಸಾರ್ವಜನಿಕ ರಜೆ. ಹಾಗಾಗಿ ಬೆಳಿಗ್ಗೆ ಬೇಕರಿ ಕಂಡ ಕೂಡಲೇ ಬ್ರೆಡ್ ಕೊಂಡು ಕ್ಯಾರಿಯರ್‌ಗೆ ಕಟ್ಟಿ. ಮುಂದಿನ ಊರಲ್ಲಿ ನೋಡೋಣ ಅನ್ನಬೇಡಿ.

ಸಸ್ಯಾಹಾರಿಗಳು ಇನ್ನಷ್ಟು ಎಚ್ಚರ ವಹಿಸಬೇಕು. ಬೇಕರಿಯ ಖಾರದ ತಿಂಡಿಗಳಲ್ಲಿ ಹಂದಿ ಮಾಂಸದ ಚೂರುಗಳು ಇರುವುದು ಮಾಮೂಲು. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಎಂದರೆ ಮಾಂಸ, ಮೀನು ಬೇಡ ಅಂತ. ಸಾಂಪ್ರದಾಯಿಕ ಚೀಸ್‌ಗಳನ್ನು ಹೆಪ್ಪುಗಟ್ಟಿಸಲು ಹೆಚ್ಚಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಬೇಡವೆನ್ನುವವರು ಕೇಳಿಯೇ ಕೊಳ್ಳಬೇಕು. ಟೊಮೇಟೊ, ಹಣ್ಣು, ಬ್ರೆಡ್, ಬೆಣ್ಣೆ ಎಲ್ಲ ಕಡೆ ಚೆನ್ನಾಗಿರುತ್ತದೆ. ಅಡುಗೆಮನೆ ಇರುವ ಬಾಡಿಗೆ ಮನೆ ಸಿಕ್ಕರೆ ಒಂದಿಷ್ಟು ಅಕ್ಕಿ, ಬೇಳೆ, ಮೆಣಸಿನಪುಡಿಯಲ್ಲಿ ರಾತ್ರಿ ಸುಖವಾಗಿ ಕಳೆಯುತ್ತದೆ.

ನೀರಿಗೆ ಫ್ರಾನ್ಸಿನ ಸೈಕಲ್ಲಿಗರು ಸ್ಮಶಾನದ ನಲ್ಲಿ ಹುಡುಕುತ್ತಾರೆ! ಹಳ್ಳಿಯ ಸ್ಮಶಾನಗಳಲ್ಲಿ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ. ಬಹಳ ಕಡೆ ಅದು ಊರಿನ ಕುಡಿಯುವ ನೀರೇ. ‘ನೋಂ ಪೊತಾಬ್ಲ್’ ಎಂಬ ಬೋರ್ಡಿದ್ದರೆ ಮಾತ್ರ ಕುಡಿಯಬೇಡಿ.

ರಾತ್ರಿ ತಂಗಲು ‘ಅಕೆಯ್ ವೆಲೊ’ ಎಂಬ ಗುರುತಿರುವ ಜಾಗ ನೋಡಿ. ಇವು ಸೈಕಲ್ ದಾರಿಯಿಂದ 5 ಕಿ.ಮೀ. ಒಳಗೇ ಇರುತ್ತವೆ. ಸೈಕಲ್ ಬೀಗ ಹಾಕಿ ಇಡಲು ಜಾಗ, ರಿಪೇರಿಗೆ ಸಾಮಾನು ಕೊಡುತ್ತಾರೆ. ಟೆಂಟ್ ಇದ್ದವರಿಗೆ ಪಂಚಾಯಿತಿ ನಡೆಸುವಂಥ ಕ್ಯಾಂಪಿಂಗ್ ಜಾಗಗಳಿವೆ, ದರ ಕಡಿಮೆ.

ಅಂಗಡಿಗೆ ಕಾಲಿಟ್ಟ ತಕ್ಷಣ, ದಾರಿಯಲ್ಲಿ ಎದುರಾದವರಿಗೆ ‘ಬೋಂಜೂರ್’ ಹೇಳುವುದನ್ನು ಮರೆಯಬೇಡಿ. ಅದು ಹೇಳದೆ ನೇರವಾಗಿ ಸಾಮಾನು ಕೇಳಿದರೆ ಅಲ್ಲಿಯವರಿಗೆ ಒರಟು ಅನ್ನಿಸುತ್ತದೆ.

ರಸ್ತೆಗೆ ಇಳಿದಾಗ

ಎಡಕ್ಕೆ ಹೋಗಿ ಅಭ್ಯಾಸವಾದ ನಮಗೆ ಅಲ್ಲಿ ಬಲಗಡೆ ಹೋಗಬೇಕು. ದಾರಿಯುದ್ದಕ್ಕೂ ಅದು ನೆನಪಿರುತ್ತದೆ, ತಪ್ಪುವುದು ಊಟ ಮುಗಿಸಿ ಮತ್ತೆ ಸೈಕಲ್ ಹತ್ತಿದಾಗ. ಖಾಲಿ ರಸ್ತೆಯಲ್ಲಂತೂ ನೆನಪಿಸಲು ಎದುರು ಗಾಡಿಯೂ ಇರುವುದಿಲ್ಲ. ಪ್ರತಿ ಸಲ ಹೊರಡುವಾಗ ‘ಬಲ’ ಅಂತ ಗಟ್ಟಿಯಾಗಿ ಹೇಳಿಕೊಳ್ಳಿ. ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಅದು ತೀರಾ ಸಣ್ಣ ಓಣಿಯಾದರೂ ಸರಿ.

ಬೆಲ್, ಹಿಂದೆ ಮುಂದೆ ದೀಪ ಬೇಕು. ಊರಾಚೆ ಕತ್ತಲಲ್ಲಿ ಅಥವಾ ಮಂಜಿನಲ್ಲಿ ಹೊಳೆಯುವ ಜಾಕೆಟ್ ಕಡ್ಡಾಯ. 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ, ದೊಡ್ಡವರೂ ಹಾಕಿಕೊಳ್ಳಿ. ಕಿವಿಗೆ ಇಯರ್‌ಫೋನ್ ಹಾಕಿ ಓಡಿಸುವಂತಿಲ್ಲ. ವಾ ವೆರ್ತ್‌ನಲ್ಲಿ ನಡೆಯುವವರು, ಮಕ್ಕಳು, ನಾಯಿಗಳು ಇರುತ್ತವೆ. ದೂರದಿಂದಲೇ ಬೆಲ್ ಹೊಡೆದು ನಿಧಾನಿಸಿ. ತುರ್ತಿಗೆ 112.

ಮುಂದಿನ ಸಲಕ್ಕೆ

ಬರ್ಗಂಡಿ ರುಚಿ ಹತ್ತಿದವರಿಗೆ ನಾಂತ್–ಬ್ರೆಸ್ತ್ ಕಾಲುವೆ ಇದೆ, 360 ಕಿ.ಮೀ.ಗೂ ಉದ್ದ. ಇಂಗ್ಲಿಷ್ ಹಡಗುಗಳು ಕರಾವಳಿಗೆ ತಡೆ ಹಾಕಿದಾಗ ಒಳನಾಡಿನಲ್ಲೇ ಸರಕು ಸಾಗಲಿ ಎಂದು ನೆಪೋಲಿಯನ್ ಕಾಲದಲ್ಲಿ ಶುರು ಮಾಡಿದ ಕೆಲಸ ಅದು. ತುಲೂಸ್‌ನಿಂದ ಸೆತ್‌ವರೆಗಿನ ಮಿದಿ ಕಾಲುವೆ ತುಂಬಾ ಹೆಸರುವಾಸಿ, 1681ರಲ್ಲಿ ತೆರೆದದ್ದು. ಆದರೆ ಅದರ ದಂಡೆ ಬಹಳ ಕಡೆ ಮರದ ಬೇರುಗಳಿಂದ ಉಬ್ಬುತಗ್ಗು. ಮಕ್ಕಳನ್ನು ಕರೆದುಕೊಂಡು ಹೋಗುವವರು ತುಲೂಸ್‌ನಿಂದ ಇನ್ನೊಂದು ದಿಕ್ಕಿಗೆ, ಬೋರ್ಡೋ ಕಡೆ ಹೋಗುವ ಗರೋನ್ ಕಾಲುವೆ ಹಿಡಿಯುವುದು ಒಳ್ಳೆಯದು. ಸುಮಾರು 190 ಕಿ.ಮೀ., ಹೆಚ್ಚಿನ ಭಾಗ ನುಣುಪಾದ ಟಾರು ದಾರಿ. ನಡುವೆ ಮುವಾಸಾಕ್, ಅಜಾಂನಂಥ ಊರುಗಳಲ್ಲಿ ರೈಲು ನಿಲ್ದಾಣಗಳಿವೆ. ಮಕ್ಕಳು ದಣಿದರೆ ಅಲ್ಲೇ ರೈಲು ಹತ್ತಬಹುದು.